ವಿದ್ಯಾಲಯ ಮುಚ್ಚಿದಾಗ ವಿದ್ಯಾರ್ಥಿಯ ಅನ್ನ

ಊರಿಗೆ ಸಾಂಕ್ರಾಮಿಕ ರೋಗ ಕಾಲಿಟ್ಟಾಗ ಮೊದಲು ಬಾಗಿಲು ಹಾಕುವುದು ಶಾಲೆ ಕಾಲೇಜುಗಳು. ಜನ ಗುಂಪುಗೂಡುವ ಜಾಗ ಅದಾದ್ದರಿಂದ ಮುಚ್ಚುವುದು ಸರಿಯಾದ ಕ್ರಮವೇ. ಆದರೆ ಮುಚ್ಚುವ ಆದೇಶದ ಜೊತೆಯಲ್ಲಿ ಇನ್ನೊಂದು ಮಾತೂ ಬರುತ್ತದೆ: ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಗಳಿಗೆ ತೆರಳತಕ್ಕದ್ದು. ಮನೆಗೆ ಹೋದವನಿಗೆ ಅಲ್ಲಿ ಊಟವಿದೆಯೆ, ಕೂತು ಓದಲು ಮೂಲೆಯಿದೆಯೆ, ಹೋಗಲಾರದವನ ಗತಿ ಏನು ಎಂಬ ಪ್ರಶ್ನೆಗಳಿಗೆ ಆದೇಶದಲ್ಲಿ ಉತ್ತರ ಸಿಗುವುದು ಅಪರೂಪ. ಈ ಪ್ರಶ್ನೆಗಳು ಕೊರೊನಾ ಕಾಲದಲ್ಲಿ ಹುಟ್ಟಿದವಲ್ಲ. ಅವಕ್ಕೆ ಮುನ್ನೂರೈವತ್ತು ವರ್ಷಕ್ಕೂ ಹಿಂದಿನ ಒಂದು ನಿದರ್ಶನವಿದೆ.

1665ರಲ್ಲಿ ಲಂಡನ್ ನಗರವನ್ನು ಪ್ಲೇಗ್ ಮುತ್ತಿತು. ಆ ವರ್ಷದ ಮರಣ ಪಟ್ಟಿಗಳಲ್ಲಿ ಪ್ಲೇಗಿಗೆ ಬಲಿಯಾದವರೆಂದು ದಾಖಲಾದವರೇ 68 ಸಾವಿರಕ್ಕೂ ಹೆಚ್ಚು. ನಿಜವಾದ ಸಂಖ್ಯೆ ಲಕ್ಷದ ಸಮೀಪವಿರಬೇಕೆಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ರೋಗ ಕೇಂಬ್ರಿಜ್‌ಗೂ ಬಂತು. ಅಲ್ಲಿನ ಟ್ರಿನಿಟಿ ಕಾಲೇಜು ಆಗಸ್ಟ್ 7ರಂದು ಒಂದು ಚಿಕ್ಕ ನಿರ್ಣಯ ಬರೆದಿಟ್ಟಿತು. ರೋಗದ ಕಾರಣ ಹಳ್ಳಿಗಾಡಿಗೆ ಹೊರಡುವ ಎಲ್ಲ ಫೆಲೋಗಳಿಗೂ ಸ್ಕಾಲರ್‌ಗಳಿಗೂ ಆಗಸ್ಟ್ 8ರಿಂದ ಒಂದು ತಿಂಗಳ 'ಕಾಮನ್ಸ್' ಕೊಡತಕ್ಕದ್ದು ಎಂಬುದೇ ಆ ನಿರ್ಣಯ.

ಕಾಮನ್ಸ್ ಎಂದರೆ ಕಾಲೇಜಿನ ಊಟದ ಮನೆಯ ಪಾಲು. ಸ್ಕಾಲರ್ ಎಂದು ಆಯ್ಕೆಯಾದವನಿಗೆ ಕಾಲೇಜಿನ ಖರ್ಚಿನಲ್ಲೇ ಊಟ ನಡೆಯುತ್ತಿತ್ತು. ಊಟದ ಮನೆ ಮುಚ್ಚಿದ ಮಾತ್ರಕ್ಕೆ ಆ ಹಕ್ಕು ಮುಗಿಯಿತೆಂದು ಟ್ರಿನಿಟಿಯ ಹಿರಿಯರು ಭಾವಿಸಲಿಲ್ಲ. ಹುಡುಗ ಎಲ್ಲಿಗೆ ಹೋಗುತ್ತಾನೋ ಅವನ ಅನ್ನದ ಪಾಲೂ ಅಲ್ಲಿಗೇ ಹೋಗಬೇಕೆಂದರು. ಇದು ದೊಡ್ಡ ದಾನವೇನಲ್ಲ. ಆದರೂ ವಿದ್ಯಾರ್ಥಿ ಕಲ್ಯಾಣದ ಒಂದು ಮುಖ್ಯ ತತ್ವ ಇದರಲ್ಲಿ ಅಡಗಿದೆ. ಊಟದ ಹಕ್ಕು ಕಟ್ಟಡಕ್ಕೆ ಸೇರಿದ್ದಲ್ಲ, ವಿದ್ಯಾರ್ಥಿಗೆ ಸೇರಿದ್ದು.

ಅಂದು ಊರಿಗೆ ಹೋದವರಲ್ಲಿ ಐಸಾಕ್ ನ್ಯೂಟನ್ ಕೂಡ ಒಬ್ಬ. ಆತ ನಿರ್ಣಯಕ್ಕೆ ಮೊದಲೇ ಹೊರಟುಹೋಗಿದ್ದರಿಂದ ಆ ತಿಂಗಳ ಕಾಮನ್ಸ್ ಅವನಿಗೆ ಸಿಗಲಿಲ್ಲ. ವೂಲ್ಸ್‌ಥಾರ್ಪ್ ಎಂಬ ಹಳ್ಳಿಯ ಮನೆಯಲ್ಲಿ ಅವನು 1667ರ ಏಪ್ರಿಲ್‌ವರೆಗೆ, ನಡುವೆ ಕೆಲವು ತಿಂಗಳು ಬಿಟ್ಟು, ಕಾಲ ಕಳೆದ. ಕಲನಶಾಸ್ತ್ರ, ಬೆಳಕಿನ ಬಣ್ಣಗಳು, ಗುರುತ್ವಾಕರ್ಷಣೆ ಇವುಗಳ ಮೇಲಿನ ಅವನ ಚಿಂತನೆ ಈ ಅವಧಿಯಲ್ಲಿ ಬಹುವಾಗಿ ಬೆಳೆಯಿತು. ಕೊರೊನಾ ದಿನಗಳಲ್ಲಿ ಈ ಕಥೆಯನ್ನು ಉಪದೇಶದಂತೆ ಹೇಳಿದವರು ಅನೇಕರು: ನ್ಯೂಟನ್ ಮನೆಯಲ್ಲಿ ಕೂತು ಅಷ್ಟೆಲ್ಲ ಸಾಧಿಸಿದ, ನೀವೇಕೆ ಸುಮ್ಮನೆ ಕೂತಿದ್ದೀರಿ ಎಂದು. ಆದರೆ ನ್ಯೂಟನ್‌ನಿಗೆ ಹೋಗಲು ಹೊಲಮನೆಯಿತ್ತು, ತಾಯಿಗೆ ಆಸ್ತಿಯಿತ್ತು, ಓದಲು ಬಿಡುವಿತ್ತು. ಉಪದೇಶ ಮಾಡಿದವರು ಇದನ್ನು ಸೇರಿಸಿ ಹೇಳಲಿಲ್ಲ.

ಆ ನಿರ್ಣಯದಲ್ಲಿ ಒಂದು ಕೊರತೆಯೂ ಇತ್ತು. ಅದರಲ್ಲಿ ಹೆಸರಿಸಿದ್ದು ಫೆಲೋ ಮತ್ತು ಸ್ಕಾಲರ್‌ಗಳನ್ನು ಮಾತ್ರ. ಉಳ್ಳವರ ಸೇವೆ ಮಾಡಿಕೊಂಡು ಓದುತ್ತಿದ್ದ 'ಸೈಜರ್' ಎಂಬ ಬಡ ವಿದ್ಯಾರ್ಥಿಗಳ ವರ್ಗವೂ ಅಲ್ಲಿತ್ತು. 1661ರಲ್ಲಿ ನ್ಯೂಟನ್ ಕಾಲೇಜಿಗೆ ಸೇರಿದ್ದು ಈ ವರ್ಗದಲ್ಲೇ. 1664ರಲ್ಲಿ ಸ್ಕಾಲರ್ ಆದ ಮೇಲೆಯೇ ಅವನಿಗೆ ಕಾಮನ್ಸಿನ ಹಕ್ಕು ಬಂದದ್ದು. ಹೆಚ್ಚು ಅಗತ್ಯವಿದ್ದವರ ಹೆಸರೇ ಪಟ್ಟಿಯಲ್ಲಿ ಇರಲಿಲ್ಲ.

ಕನ್ನಡ ನಾಡಿಗೆ ಈ ಮಾತು ಅಪರಿಚಿತವಲ್ಲ. ಹಿಂದಿನ ತಲೆಮಾರಿನ ಎಷ್ಟೋ ಮಂದಿ ವಾರಾನ್ನ ಉಂಡು ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಒಂದು ಮನೆಯಲ್ಲಿ ಕಾಯಿಲೆ ಬಿದ್ದರೆ ಆ ದಿನ ಉಪವಾಸ. ಜಾತಿಯ ಗೆರೆಯಾಚೆಗಿನ ಹುಡುಗನಿಗೆ ಆ ಬಾಗಿಲುಗಳು ತೆರೆಯುತ್ತಲೂ ಇರಲಿಲ್ಲ. ಮಠಗಳು, ಸಮುದಾಯಗಳು, ಮುಂದೆ ಸರ್ಕಾರ ನಡೆಸಿದ ಉಚಿತ ವಿದ್ಯಾರ್ಥಿ ನಿಲಯಗಳು ಈ ಕೊರತೆಯನ್ನು ತುಂಬಲು ಬಂದವು. ನಿಲಯದಲ್ಲಿ ಸೀಟು ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ, ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಹಣ ಕೊಡುವ 'ವಿದ್ಯಾಸಿರಿ' ಯೋಜನೆ ಆರಂಭವಾದದ್ದು 2013-14ರಲ್ಲಿ. ಅನ್ನ ವಿದ್ಯಾರ್ಥಿಯನ್ನು ಹಿಂಬಾಲಿಸಬೇಕೆಂಬ ಟ್ರಿನಿಟಿಯ ತತ್ವವೇ ಇಲ್ಲಿಯೂ ಕಾಣುತ್ತದೆ.

ಈ ವ್ಯವಸ್ಥೆಗೆಲ್ಲ ಪರೀಕ್ಷೆ ಎದುರಾದದ್ದು 2020ರ ಮಾರ್ಚ್‌ನಲ್ಲಿ. ಕರ್ನಾಟಕ ಸರ್ಕಾರ ಮಾರ್ಚ್ 14ರಿಂದ ಒಂದು ವಾರದ ಮಟ್ಟಿಗೆಂದು ವಿಶ್ವವಿದ್ಯಾಲಯಗಳನ್ನು ಮುಚ್ಚಿಸಿತು. ಮಾರ್ಚ್ 25ರಿಂದ ಇಡೀ ದೇಶವೇ ಸ್ತಬ್ಧವಾಯಿತು. ಒಂದು ವಾರ ಎಂದದ್ದು ಹಲವು ತಿಂಗಳಾಯಿತು. ಎಷ್ಟೋ ವಿದ್ಯಾರ್ಥಿ ನಿಲಯಗಳು ಕ್ವಾರಂಟೈನ್ ಕೇಂದ್ರಗಳಾದವು. ಇಲ್ಲಿ ಒಂದು ಹೋಲಿಕೆ ಗಮನಿಸತಕ್ಕದ್ದು. ಶಾಲಾ ಮಕ್ಕಳ ಬಿಸಿಯೂಟ ನಿಂತಾಗ ಸುಪ್ರೀಂ ಕೋರ್ಟ್ ಮಾರ್ಚ್ 18ರಂದು ತಾನಾಗಿಯೇ ಪ್ರಶ್ನೆ ಎತ್ತಿತು. ಊಟ ಕೊಡಲಾಗದಿದ್ದರೆ ಧಾನ್ಯ ಮತ್ತು ಹಣ ಕೊಡಬೇಕೆಂಬ ನಿಯಮ 2015ರಿಂದಲೇ ಇದ್ದುದರಿಂದ ರಾಜ್ಯಗಳು ಮನೆಗಳಿಗೆ ಆಹಾರ ಧಾನ್ಯ ತಲುಪಿಸುವ ಹಾದಿ ಹಿಡಿದವು. ಈ ನಿಯಮ ಎಂಟನೆಯ ತರಗತಿಗೆ ಮುಗಿಯುತ್ತದೆ. ಪದವಿ ತರಗತಿಯ ಹುಡುಗಿಗೆ, ಅವಳು ಅದೇ ಮನೆಯ ಅಕ್ಕನಾಗಿದ್ದರೂ, ಅಂಥ ಹಕ್ಕಿರಲಿಲ್ಲ.

ಪಾಠದ ಸ್ಥಿತಿಯೂ ಹಾಗೆಯೇ. ತರಗತಿಗಳು ಮೊಬೈಲ್ ಪರದೆಗೆ ಬಂದವು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಇಂಟರ್‌ನೆಟ್ ಸೌಲಭ್ಯವಿದ್ದ ಕುಟುಂಬಗಳು ನಗರಗಳಲ್ಲಿ ನೂರಕ್ಕೆ 42, ಹಳ್ಳಿಗಳಲ್ಲಿ ಸುಮಾರು 15. ಕಂಪ್ಯೂಟರ್ ಇದ್ದ ಹಳ್ಳಿ ಮನೆಗಳು ನೂರಕ್ಕೆ ಐದೂ ಇರಲಿಲ್ಲ. ಕರ್ನಾಟಕ ಸರ್ಕಾರ ಸರ್ಕಾರಿ ಪದವಿ, ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ವಿತರಣೆಗೆ ಚಾಲನೆ ಕೊಟ್ಟದ್ದು 2021ರ ಜೂನ್‌ನಲ್ಲಿ. ಒಳ್ಳೆಯ ಕೆಲಸವೇ, ಆದರೆ ಅಷ್ಟರಲ್ಲಿ ಒಂದೂಕಾಲು ವರ್ಷ ಕಳೆದಿತ್ತು.

ಮನೆಗೆ ಹೋಗಿ ಎಂಬ ಮಾತು ಅತ್ಯಂತ ಕಠಿಣವಾಗಿ ತಟ್ಟಿದ್ದು ಪರದೇಶದಲ್ಲಿದ್ದವರಿಗೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಮಾರ್ಚ್ 10ರಂದು ಸೂಚನೆ ಹೊರಡಿಸಿ, 15ರೊಳಗೆ ಹಾಸ್ಟೆಲ್ ತೆರವು ಮಾಡಲು ಹೇಳಿತು. ಬೇರೆ ವಿಶ್ವವಿದ್ಯಾಲಯಗಳೂ ಅದೇ ದಾರಿ ಹಿಡಿದವು. ಮಾರ್ಚ್ 22ರಿಂದ ಭಾರತ ವಿದೇಶಿ ವಿಮಾನಗಳನ್ನು ನಿಲ್ಲಿಸಿತು. ಜನರನ್ನು ಕರೆತರುವ 'ವಂದೇ ಭಾರತ್' ಕಾರ್ಯಾಚರಣೆ ಆರಂಭವಾದದ್ದು ಮೇ 7ಕ್ಕೆ. ಅಲ್ಲಿ ಓದುತ್ತಿದ್ದ ಕನ್ನಡದ ಮಕ್ಕಳಿಗೂ ಅವರ ತಂದೆ ತಾಯಿಯರಿಗೂ ಆ ಆರು ವಾರಗಳು ದೀರ್ಘವಾಗಿದ್ದವು.

ಅಮೆರಿಕ ಸರ್ಕಾರ ಮಾರ್ಚ್ 27ರ ಪರಿಹಾರ ಕಾಯ್ದೆಯಲ್ಲಿ ಉನ್ನತ ಶಿಕ್ಷಣಕ್ಕೆ ಸುಮಾರು 1,400 ಕೋಟಿ ಡಾಲರ್ ಇಟ್ಟಿತು. ಅದರಲ್ಲಿ 600 ಕೋಟಿಗೂ ಹೆಚ್ಚು ಊಟ, ವಸತಿ, ಆರೋಗ್ಯಕ್ಕೆಂದು ನೇರವಾಗಿ ವಿದ್ಯಾರ್ಥಿಗಳ ಕೈಗೆ ಹೋಗಬೇಕಿತ್ತು. ಇದು ಟ್ರಿನಿಟಿಯ ಕಾಮನ್ಸೇ, ದೊಡ್ಡ ಪ್ರಮಾಣದಲ್ಲಿ. ಕೊರತೆಯೂ ಅದೇ. ವಿದೇಶಿ ವಿದ್ಯಾರ್ಥಿಗಳು ಇದಕ್ಕೆ ಅರ್ಹರಲ್ಲವೆಂದು ಏಪ್ರಿಲ್‌ನಲ್ಲಿ ಶಿಕ್ಷಣ ಇಲಾಖೆ ಹೇಳಿತು. ಆ ನಿರ್ಬಂಧ ಸಡಿಲವಾದದ್ದು 2021ರ ಮೇ ತಿಂಗಳಲ್ಲಿ. ನಡುವೆ, ಪೂರ್ತಿ ಆನ್‌ಲೈನ್ ಪಾಠವಾದರೆ ವಿದೇಶಿ ವಿದ್ಯಾರ್ಥಿಗಳು ದೇಶ ಬಿಡಬೇಕೆಂಬ ನಿಯಮ 2020ರ ಜುಲೈ 6ರಂದು ಬಂದಿತ್ತು. ಹಾರ್ವರ್ಡ್ ಮತ್ತು ಎಂಐಟಿ ನ್ಯಾಯಾಲಯಕ್ಕೆ ಹೋದ ಮೇಲೆ ಜುಲೈ 14ರಂದು ಅದನ್ನು ಹಿಂತೆಗೆದುಕೊಳ್ಳಲಾಯಿತು.

ಊಟ, ಸೂರುಗಳಷ್ಟೇ ಮುಖ್ಯವಾದದ್ದು ಮನಸ್ಸು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ 2020ರ ನವೆಂಬರ್ 5ರಂದು, ಮುನ್ಸೂಚನೆ ಇಲ್ಲದೆ, ಹಾಸ್ಟೆಲ್ ಕಟ್ಟಡಗಳ ಸುತ್ತ ಲೋಹದ ಬೇಲಿ ಹಾಕಿಸಿತು. ಹುಡುಗರು ಅದೇ ರಾತ್ರಿ ಬೇಲಿ ಕಿತ್ತೆಸೆದರು. ವಿಶ್ವವಿದ್ಯಾಲಯ ಕ್ಷಮೆ ಕೇಳಿತು. ಅದೇ ತಿಂಗಳು ಮೊದಲ ಅವಧಿಯ ಬಾಡಿಗೆಯಲ್ಲಿ ನೂರಕ್ಕೆ 30ರಷ್ಟು ಕಡಿತ ಮಾಡಲು ಒಪ್ಪಿತು. ಮನೆಗೆ ಅಟ್ಟುವುದೂ ಕೋಣೆಯಲ್ಲಿ ಕೂಡಿಹಾಕುವುದೂ, ಎರಡೂ ವಿದ್ಯಾರ್ಥಿಯನ್ನು ಕೇಳದೆ ಮಾಡಿದ ತೀರ್ಮಾನಗಳು. ಭಾರತದಲ್ಲಿ ಕೇಂದ್ರ ಸರ್ಕಾರ 2020ರ ಜುಲೈನಲ್ಲಿ 'ಮನೋದರ್ಪಣ' ಎಂಬ ಹೆಸರಿನಲ್ಲಿ ವಿದ್ಯಾರ್ಥಿಗಳಿಗೆ ದೂರವಾಣಿ ಮೂಲಕ ಸಾಂತ್ವನ, ಸಲಹೆ ಕೊಡುವ ಏರ್ಪಾಡು ಮಾಡಿತು. ಕೇಳುವ ಕಿವಿಯೊಂದು ಇರಬೇಕೆಂದು ಸರ್ಕಾರವೂ ಒಪ್ಪಿಕೊಂಡಂತಾಯಿತು.

ಸಭಿಕರೆ, ಮುಂದಿನ ಸಾಂಕ್ರಾಮಿಕ ಯಾವಾಗ ಬರುತ್ತದೆಂದು ಹೇಳಲು ಯಾರಿಗೂ ಸಾಧ್ಯವಿಲ್ಲ. ಬಂದಾಗ ಕಾಲೇಜುಗಳು ಮತ್ತೆ ಮುಚ್ಚುತ್ತವೆ. ಬಿಸಿಯೂಟದ ಮಕ್ಕಳಿಗೆ ಧಾನ್ಯ ದೊರೆತದ್ದು ನಿಯಮ ಮೊದಲೇ ಬರೆದಿಟ್ಟಿದ್ದರಿಂದ. ಆದ್ದರಿಂದ ನಿಲಯ ಮುಚ್ಚಿದರೆ ಊಟದ ಹಣ ವಿದ್ಯಾರ್ಥಿಯ ಖಾತೆಗೆ ಹೋಗಬೇಕು, ಹೋಗಲಾರದವರಿಗೆ ಒಂದು ಕೋಣೆಯೂ ಒಂದು ಒಲೆಯೂ ತೆರೆದಿರಬೇಕು ಎಂಬ ಎರಡು ಸಾಲುಗಳನ್ನು ಪ್ರತಿ ವಿಶ್ವವಿದ್ಯಾಲಯವೂ ರೋಗವಿಲ್ಲದ ಈ ದಿನಗಳಲ್ಲೇ ಬರೆದಿಡಬೇಕು. ಬರೆಯುವಾಗ ಪಟ್ಟಿಯಿಂದ ಯಾರ ಹೆಸರು ಬಿಟ್ಟುಹೋಗಿದೆ ಎಂದು ಒಮ್ಮೆ ಕಣ್ಣಾಡಿಸಬೇಕು. ಟ್ರಿನಿಟಿಯ ಹಿರಿಯರು ಒಂದೇ ಸಾಲಿನಲ್ಲಿ ಬರೆದರು. ಸೈಜರ್‌ಗಳ ಹೆಸರನ್ನು ಅದರಲ್ಲಿ ಸೇರಿಸುವ ಕೆಲಸ ಇನ್ನೂ ಉಳಿದಿದೆ.