ಘಟ್ಟದ ದಾರಿ ಕಡಿದಾಗ ಕೈ ಹಿಡಿಯುವ ಊರು

(ಮುಂಗಾರುಪೂರ್ವ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಾನು ಮಣ್ಣಿನ ವಿಷಯ ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಿದ್ದಾರೆ. ಮಣ್ಣಿನ ವಿಷಯಕ್ಕೆ ಖಂಡಿತ ಬರುತ್ತೇನೆ. ಆದರೆ ಅದಕ್ಕೆ ಮೊದಲು ಮನುಷ್ಯರ ವಿಷಯ ಹೇಳುವುದು ಅವಶ್ಯವೆಂದು ನನಗೆ ತೋರಿದೆ. ಮಳೆಗಾಲದಲ್ಲಿ ಘಟ್ಟದ ರಸ್ತೆ ಕಡಿದುಹೋದಾಗ ಸರಕಾರದ ಜೀಪು, ಜೆಸಿಬಿ ಯಂತ್ರಗಳಿಗಿಂತ ಮೊದಲು ಅಲ್ಲಿಗೆ ತಲುಪುವವರು ಹತ್ತಿರದ ಊರಿನವರು. ಅವರು ಏನು ಮಾಡುತ್ತಾರೆ, ಹೇಗೆ ಮಾಡಲು ಸಾಧ್ಯವಾಗುತ್ತದೆ, ಮುಂದೆಯೂ ಹಾಗೆ ಮಾಡಲು ಸಾಧ್ಯವೇ ಎಂಬ ಮೂರು ಪ್ರಶ್ನೆಗಳನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಕೆಲವು ಘಟನೆಗಳನ್ನು ನೆನಪಿಗೆ ತಂದುಕೊಳ್ಳೋಣ. 2018ರ ಜೂನ್ 11ರಂದು, ಮೃಗಶಿರಾ ಮಳೆಯ ಕಾಲದಲ್ಲಿ, ಚಾರ್ಮಾಡಿ ಘಟ್ಟದ ಹಲವು ಕಡೆ ಧರೆ ಕುಸಿಯಿತು. ಮೇಲೆ ಕೊಟ್ಟಿಗೆಹಾರಕ್ಕೂ ಹೋಗಲಾರದೆ, ಕೆಳಗೆ ಚಾರ್ಮಾಡಿಗೂ ಇಳಿಯಲಾರದೆ ನೂರಾರು ವಾಹನಗಳು ರಾತ್ರಿಯಿಡೀ ನಿಂತವು. ಮಕ್ಕಳು, ವೃದ್ಧರು, ರೋಗಿಗಳು ಬಸ್ಸುಗಳಲ್ಲೇ ಬೆಳಗು ಮಾಡಿದರು. ಅವರಿಗೆ ನೀರು, ಆಹಾರ ತಲುಪಿಸಿದವರಲ್ಲಿ ಸುತ್ತಲಿನ ಊರುಗಳ ಜನ ಇದ್ದರು. ಅದೇ ವರ್ಷ ಕಾಂಕ್ರೀಟ್ ಕಾಮಗಾರಿಗಾಗಿ ಜನವರಿಯಿಂದ ಮುಚ್ಚಿದ್ದ ಶಿರಾಡಿ ಘಟ್ಟದ ರಸ್ತೆ ಜುಲೈಯಲ್ಲಿ ತೆರೆಯಿತು. ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮತ್ತೆ ಮುಚ್ಚಿತು. ಆಗಸ್ಟ್ ನಡುವಿನ ಆ ದಿನಗಳಲ್ಲೇ ಕೊಡಗಿನ ಜೋಡುಪಾಲ, ಮದೆನಾಡು, ಮೊಣ್ಣಂಗೇರಿ ಭಾಗಗಳಲ್ಲಿ ಬೆಟ್ಟಗಳು ಜಾರಿ ಮಡಿಕೇರಿ–ಸಂಪಾಜೆ ಹೆದ್ದಾರಿ ತುಂಡಾಯಿತು. ಮನೆ ಬಿಟ್ಟು ಇಳಿದುಬಂದ ಕುಟುಂಬಗಳಿಗೆ ಸಂಪಾಜೆ, ಕಲ್ಲುಗುಂಡಿ, ಅರಂತೋಡು ಕಡೆಯ ಶಾಲೆಗಳಲ್ಲಿಯೂ ಸಭಾಭವನಗಳಲ್ಲಿಯೂ ಆಶ್ರಯ ದೊರೆಯಿತು. ಅಲ್ಲಿ ಅನ್ನ ಬೇಯಿಸಿದವರು, ಬಟ್ಟೆ ಹಂಚಿದವರು ಬಹುಪಾಲು ನೆರೆಯೂರಿನ ಸಾಮಾನ್ಯ ಜನ.

ನನ್ನ ಅನುಭವದ ಒಂದು ಸಂಗತಿಯನ್ನೂ ಹೇಳಬಹುದು. ಸುಮಾರು ಹದಿನೈದು ವರ್ಷಗಳ ಹಿಂದೆ, ಪುನರ್ವಸು ಮಳೆಯ ಒಂದು ಸಂಜೆ, ನಾನಿದ್ದ ಬಸ್ಸು ಘಟ್ಟದ ನಡುವೆ ನಿಂತಿತು. ಮುಂದೆ ಮರಸಹಿತ ಮಣ್ಣು ಬಿದ್ದಿತ್ತು. ಅರ್ಧ ತಾಸಿನಲ್ಲಿ ಹಿಂದೆಯೂ ಬಿತ್ತು. ಕತ್ತಲಾದ ಮೇಲೆ ಟಾರ್ಚು ಹಿಡಿದು ನಾಲ್ಕೈದು ಮಂದಿ ಬಂದರು. ಅವರಲ್ಲಿ ಒಬ್ಬ ಹಿರಿಯರು ಮೊದಲು ಮಾಡಿದ ಕೆಲಸ ಊಟದ ವಿಚಾರಣೆಯಲ್ಲ. ಬಸ್ಸನ್ನು ಎತ್ತರದ ಧರೆಯ ಬುಡದಿಂದ ಐವತ್ತು ಮಾರು ಹಿಂದಕ್ಕೆ, ತೆರೆದ ಜಾಗಕ್ಕೆ ತರಿಸಿದರು. ಅನಂತರ ಧರೆಯ ಕೆಳಗಿನ ಡಾಂಬರು ರಸ್ತೆಯನ್ನು ಬಿಟ್ಟು, ಗುಡ್ಡದ ಮೂಗಿನ ಮೇಲೆ ಹಾದುಹೋಗುವ ಹಳೆಯ ಕಾಲುದಾರಿಯಲ್ಲಿ ನಮ್ಮನ್ನು ಊರಿಗೆ ನಡೆಸಿದರು. ಮನೆಯ ಅಮ್ಮ ಜಗುಲಿಯಲ್ಲಿ ನಿಂತು ಕೇಳಿದ ಮೊದಲ ಮಾತು, "ಸಕ್ಕರೆ ಕಾಯಿಲೆಯವರು ಯಾರಿದ್ದೀರಿ? ನೀವು ಮೊದಲು ಆಸರಿಗೆ ತೆಗೆದುಕೊಳ್ಳಿ" ಎಂಬುದು. ಮಿಕ್ಕವರಿಗೆ ಬೆಲ್ಲ–ನೀರು, ಬಳಿಕ ಗಂಜಿ, ಅಪ್ಪೆಮಿಡಿ ಉಪ್ಪಿನಕಾಯಿ. ಶಾಲೆಗೆ ಹೋಗುವ ಹುಡುಗಿಯೊಬ್ಬಳು ನೋಟ್‌ಬುಕ್ಕಿನಲ್ಲಿ ನಮ್ಮೆಲ್ಲರ ಹೆಸರು, ಮನೆಯ ದೂರವಾಣಿ ಸಂಖ್ಯೆ ಬರೆದುಕೊಂಡಳು. ಮೊಬೈಲಿಗೆ ಸಂಪರ್ಕವಿರಲಿಲ್ಲ. ಆ ಮನೆಯ ಸ್ಥಿರದೂರವಾಣಿ ಜೀವಂತವಾಗಿತ್ತು. ರಾತ್ರಿ ಹನ್ನೊಂದರವರೆಗೆ ಅವಳು ಒಂದೊಂದೇ ಮನೆಗೆ ಕರೆ ಮಾಡಿ, "ನಿಮ್ಮವರು ನಮ್ಮಲ್ಲಿದ್ದಾರೆ, ಊಟ ಮಾಡಿದ್ದಾರೆ" ಎಂದು ತಿಳಿಸಿದಳು.

ಈ ಉಪಕಾರವನ್ನು ನಾವು ಸಾಮಾನ್ಯವಾಗಿ "ಮಲೆನಾಡಿಗರ ಒಳ್ಳೆಯತನ" ಎಂದು ಕೊಂಡಾಡಿ ಮುಗಿಸುತ್ತೇವೆ. ಒಳ್ಳೆಯತನ ಇತ್ತು, ನಿಜ. ಆದರೆ ಅದರ ಜೊತೆಗೆ ಜ್ಞಾನವೂ ಸಿದ್ಧತೆಯೂ ಇದ್ದವು ಎಂಬುದನ್ನು ಗಮನಿಸಬೇಕು. ಯಾವ ಧರೆ ಜಾರುತ್ತದೆ, ಯಾವುದು ನಿಲ್ಲುತ್ತದೆ ಎಂದು ಆ ಹಿರಿಯರಿಗೆ ತಿಳಿದಿತ್ತು. ಕಾಲುದಾರಿ ಬಳಕೆಯಲ್ಲಿತ್ತು. ಕಣಜದಲ್ಲಿ ಅಕ್ಕಿ, ಅಟ್ಟದ ಮೇಲೆ ಒಣ ಸೌದೆ ಇದ್ದವು. ದೊಡ್ಡ ಪಾತ್ರೆ ಇತ್ತು. ದೂರವಾಣಿ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯಲ್ಲಿ ಕೈಕಾಲು ಗಟ್ಟಿಯಿರುವ ಜನ ಇದ್ದರು.

ಇದು ನಮ್ಮ ಸೀಮೆಗೆ ಮಾತ್ರ ಸಲ್ಲುವ ಸತ್ಯವಲ್ಲ. ವಿದ್ಯಾರ್ಥಿಗಳಿಗೆ ಉಪಯುಕ್ತವೆಂದು ದೂರದ ಒಂದು ಉದಾಹರಣೆ ಹೇಳುತ್ತೇನೆ. 2001ರ ಸೆಪ್ಟೆಂಬರ್ 11ರಂದು ಅಮೆರಿಕವು ತನ್ನ ವಾಯುಮಾರ್ಗವನ್ನು ಮುಚ್ಚಿದಾಗ, ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಗ್ಯಾಂಡರ್ ಎಂಬ ಪುಟ್ಟ ಪಟ್ಟಣದಲ್ಲಿ 38 ಪ್ರಯಾಣಿಕ ವಿಮಾನಗಳು ಇಳಿದವು. ಸುಮಾರು ಹತ್ತು ಸಾವಿರ ಜನರ ಆ ಊರಿಗೆ ಒಂದೇ ದಿನ ಆರೂವರೆ ಸಾವಿರಕ್ಕೂ ಹೆಚ್ಚು ಅಪರಿಚಿತರು ಬಂದರು. ಮುಷ್ಕರದಲ್ಲಿದ್ದ ಶಾಲಾ ಬಸ್ ಚಾಲಕರು ಮುಷ್ಕರ ಬಿಟ್ಟು ಬಸ್ಸು ಓಡಿಸಿದರು. ಶಾಲೆಗಳು, ಚರ್ಚುಗಳು, ಸಭಾಂಗಣಗಳು ವಸತಿಯಾದವು. ಹಿಮದ ಮೇಲೆ ಆಡುವ ಕ್ರೀಡಾಂಗಣವೇ ಆಹಾರ ಕೆಡದಂತೆ ಇಡುವ ಶೀತಗೃಹವಾಯಿತು. ಹಿಂದೆ ಅಟ್ಲಾಂಟಿಕ್ ದಾಟುವ ವಿಮಾನಗಳು ಇಂಧನ ತುಂಬಿಸಿಕೊಳ್ಳುತ್ತಿದ್ದ ಊರಾದ್ದರಿಂದ ಅಲ್ಲಿ ದೊಡ್ಡ ನಿಲ್ದಾಣವಿತ್ತು. ಇಲ್ಲಿಯೂ ಅದೇ ಪಾಠ: ದಯೆ ಕೆಲಸ ಮಾಡಲು ಅದಕ್ಕೊಂದು ಮನೆ, ಒಂದು ಒಲೆ, ಒಂದು ದಾರಿ ಬೇಕು.

ಈಗ ಮಣ್ಣಿನ ವಿಷಯಕ್ಕೆ ಬರುತ್ತೇನೆ. ಒಂದು ಎಕರೆ ಭೂಮಿಯ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಆ ನೀರು ಸುಮಾರು ನಾಲ್ಕು ಲಕ್ಷ ಲೀಟರು. ತೂಕ ನಾಲ್ಕುನೂರು ಟನ್ನು. ಘಟ್ಟದ ನೆತ್ತಿಯಲ್ಲಿ ಮುಂಗಾರಿನ ಬಿರುಸಿನ ದಿನಗಳಲ್ಲಿ ಇಷ್ಟು ಮಳೆ ಒಂದೇ ದಿನ ಬೀಳುವುದು ಅಪರೂಪವಲ್ಲ. ಕಾಡಿದ್ದಲ್ಲಿ ಇದರ ಒಂದು ಭಾಗವನ್ನು ಎಲೆಗಳು ತಡೆಯುತ್ತವೆ, ಒಂದು ಭಾಗವನ್ನು ದರಗು ಹೀರುತ್ತದೆ, ಉಳಿದದ್ದು ಬೇರಿನ ಜಾಡು ಹಿಡಿದು ನಿಧಾನವಾಗಿ ಇಳಿಯುತ್ತದೆ. ಮಣ್ಣಿನ ಕಣಗಳ ನಡುವಿನ ಸಂದುಗಳೆಲ್ಲ ನೀರಿನಿಂದ ತುಂಬಿದಾಗ ಆ ನೀರಿನ ಒತ್ತಡವು ಕಣಗಳನ್ನು ಪರಸ್ಪರ ದೂರ ತಳ್ಳುತ್ತದೆ. ಅವುಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಜಂಬಿಟ್ಟಿಗೆಯ ಪದರದ ಕೆಳಗೆ ಹಲವೆಡೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು ಇರುತ್ತದೆ. ಒಣಗಿದಾಗ ಗಟ್ಟಿಯಾಗಿ ಕಾಣುವ ಈ ಮಣ್ಣು ನೀರು ಕುಡಿದಾಗ ಬಲ ಕಳೆದುಕೊಳ್ಳುತ್ತದೆ. ಗುಡ್ಡದ ಬುಡವನ್ನು ರಸ್ತೆಗಾಗಿ ಗೋಡೆಯಂತೆ ನೇರವಾಗಿ ಕಡಿದರೆ, ಮೇಲಿನ ಭಾರಕ್ಕೆ ಒರಗುಗಲ್ಲಿನಂತಿದ್ದ ಮಣ್ಣನ್ನೇ ತೆಗೆದಂತಾಯಿತು. ಆಮೇಲೆ ಒಂದು ಒಳ್ಳೆಯ ಮಳೆ ಸಾಕು. ಮಳೆಯನ್ನು ಮಾತ್ರ ದೂರುವುದು ನ್ಯಾಯವಲ್ಲ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ನ್ನು ಮುಚ್ಚಿ ಗಂಗಾವಳಿ ನದಿಗೆ ಜಾರಿದುದು ನಿಮಗೆಲ್ಲ ನೆನಪಿದೆ. ಅಲ್ಲಿ ರಸ್ತೆ ಬದಿಯಲ್ಲಿ ಒಂದು ಚಹಾದಂಗಡಿ ಇತ್ತು. ದೂರದ ಲಾರಿ ಚಾಲಕರು ಅಲ್ಲಿ ನಿಲ್ಲಿಸಿ ದಣಿವಾರಿಸಿಕೊಳ್ಳುತ್ತಿದ್ದರು. ಅಂಗಡಿಯೂ ಅದನ್ನು ನಡೆಸುತ್ತಿದ್ದ ಕುಟುಂಬವೂ ಮಣ್ಣಿನೊಡನೆ ಹೋದವು. ಕೇರಳದ ಚಾಲಕನೊಬ್ಬನ ಲಾರಿಯನ್ನು ನದಿಯಿಂದ ಮೇಲೆತ್ತಿದ್ದು ಸೆಪ್ಟೆಂಬರ್ 25ರಂದು. ಹೆದ್ದಾರಿ ವಿಸ್ತರಣೆಗಾಗಿ ಗುಡ್ಡವನ್ನು ಕಡಿದ ರೀತಿಯ ಬಗ್ಗೆ ಆಗ ಎದ್ದ ಪ್ರಶ್ನೆಗಳನ್ನು ನಾವು ಮರೆಯತಕ್ಕದ್ದಲ್ಲ. ದಾರಿಹೋಕರಿಗೆ ನೆರಳಾದವರೇ ದಾರಿಗಾಗಿ ಕಡಿದ ಗುಡ್ಡದ ಕೆಳಗೆ ಸಿಲುಕಿದರು. ಊರಿನವರ ಉಪಕಾರಬುದ್ಧಿ ದೊಡ್ಡದು ನಿಜ. ಆದರೆ ತಪ್ಪಾಗಿ ಕಡಿದ ಧರೆಗೆ ಅದನ್ನು ಪರಿಹಾರವೆಂದು ಎಣಿಸುವುದು ಆ ಜನರಿಗೆ ಮಾಡುವ ಅನ್ಯಾಯ. ಇಳಿಜಾರನ್ನು ಹಂತಹಂತವಾಗಿ ಕಡಿಯುವುದು, ಮೇಲಿನ ನೀರನ್ನು ಧರೆಯ ಅಂಚಿಗೆ ಬರದಂತೆ ಕಾಲುವೆಯಲ್ಲಿ ಬೇರೆಡೆಗೆ ಒಯ್ಯುವುದು, ಮೋರಿಗಳನ್ನು ಸಾಕಷ್ಟು ದೊಡ್ಡದಾಗಿ ಕಟ್ಟುವುದು – ಇವು ರಸ್ತೆ ಮಾಡುವವರ ಹೊಣೆ. ಅದನ್ನು ನಾವು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ ಕೇಳಬೇಕು.

ಇನ್ನೊಂದು ಕಡೆ ನಮ್ಮ ಊರುಗಳ ಸ್ಥಿತಿಯನ್ನೂ ನೋಡಿಕೊಳ್ಳಬೇಕು. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ದೊಡ್ಡ ಮನೆಯಲ್ಲಿ ಇಬ್ಬರೇ ವೃದ್ಧರು. ಕೆಲವು ಮನೆಗಳಿಗೆ ಬೀಗ. ಕಾಲುದಾರಿಗೆ ಬೇಲಿ ಬಿದ್ದಿದೆ, ಇಲ್ಲವೇ ಲಂಟಾನ ಬೆಳೆದಿದೆ. ಅಕ್ಕಿ ವಾರಕ್ಕೊಮ್ಮೆ ಪೇಟೆಯಿಂದ ಬರುತ್ತದೆ. ಸ್ಥಿರದೂರವಾಣಿಯ ತಂತಿ ಬಹುತೇಕ ಕಡೆ ಕಡಿದುಹೋಗಿದೆ. ಕರೆಂಟು ಹೋದರೆ ಮೊಬೈಲ್ ಗೋಪುರವೂ ಸುಮ್ಮನಾಗುತ್ತದೆ. ಇಂಥ ಊರಿನ ಬಳಿ ನಾಳೆ ಎರಡು ಬಸ್ಸು ಸಿಲುಕಿದರೆ ಮನಸ್ಸಿದ್ದರೂ ಏನು ಮಾಡಲಾದೀತು? ಆದುದರಿಂದ ಹಿಂದಿನವರಲ್ಲಿ ರೂಢಿಯಿಂದ ಇದ್ದುದನ್ನು ನಾವು ಯೋಜನೆಯಿಂದ ಮಾಡಿಕೊಳ್ಳಬೇಕಾಗಿದೆ. ನಮ್ಮ ಪೂರ್ವಿಕರು ದಾರಿಯ ಪಕ್ಕ ಅರವಟ್ಟಿಗೆ, ಹೊರೆ ಇಳಿಸುವ ಕಟ್ಟೆ, ಛತ್ರಗಳನ್ನು ಕಟ್ಟಿಸಿದ್ದು ಇದೇ ದೂರದೃಷ್ಟಿಯಿಂದ.

ಮಾಡಬಹುದಾದ ಕೆಲಸಗಳು ಕಷ್ಟದವಲ್ಲ.

ಒಂದು: ಘಟ್ಟದ ರಸ್ತೆಗೆ ಹತ್ತಿರವಿರುವ ಪ್ರತಿ ಊರಿನಲ್ಲಿ, ಸುರಕ್ಷಿತ ಜಾಗದಲ್ಲಿರುವ ಒಂದು ಶಾಲೆಯನ್ನೋ ಸಮುದಾಯ ಭವನವನ್ನೋ ಗುರುತಿಸಿ, ಅದರ ಬೀಗದ ಕೈ ಯಾರಲ್ಲಿದೆ ಎಂಬುದು ಮೂವರಿಗಾದರೂ ತಿಳಿದಿರಲಿ. ಅಕ್ಕಿ, ಬೇಳೆ, ಬೆಲ್ಲ, ಉಪ್ಪು, ದೊಡ್ಡ ಪಾತ್ರೆ, ಒಣ ಸೌದೆ, ಟಾರ್ಚು, ಹಗ್ಗ ಜೂನ್ ಮೊದಲ ವಾರದೊಳಗೆ ಅಲ್ಲಿ ಸೇರಲಿ.

ಎರಡು: ಹಳೆಯ ಕಾಲುದಾರಿಗಳನ್ನು ಹಿರಿಯರ ಜೊತೆ ನಡೆದು, ಸವರಿ, ನಕ್ಷೆ ಬರೆಯಿರಿ. ಈ ಕೆಲಸ ವಿದ್ಯಾರ್ಥಿಗಳದ್ದು. ದಾರಿ ಬಲ್ಲ ಹಿರಿಯರು ಇರುವಾಗಲೇ ಅದು ಆಗಬೇಕು.

ಮೂರು: ಗುಡ್ಡ ಕೊಡುವ ಸೂಚನೆಗಳನ್ನು ಕಲಿಯಿರಿ. ತಿಳಿಯಾಗಿದ್ದ ಒರತೆ ಕೆಸರಾಗುವುದು, ಹೊಸ ಜಾಗದಲ್ಲಿ ನೀರು ಜಿನುಗುವುದು, ಹರಿಯುತ್ತಿದ್ದ ಹಳ್ಳ ಮಳೆಯಿದ್ದೂ ತಟ್ಟನೆ ಬತ್ತುವುದು, ಮರ–ಕಂಬಗಳು ವಾಲುವುದು, ನೆಲದಲ್ಲಿ ಬಿರುಕು, ಬಾಗಿಲು ಹಾಕಲು ಬಾರದಂತೆ ಚೌಕಟ್ಟು ಬಿಗಿಯುವುದು – ಇವುಗಳಲ್ಲಿ ಯಾವುದು ಕಂಡರೂ ಅಲ್ಲಿಂದ ಸರಿಯಬೇಕು, ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ಅಥವಾ 112ಕ್ಕೆ ತಿಳಿಸಬೇಕು. ಕುಸಿದ ಜಾಗದಲ್ಲಿ ಮತ್ತೆ ಕುಸಿಯುವ ಸಂಭವ ಹೆಚ್ಚು. ನೆರವಿಗೆ ಹೋಗುವವರು ಧರೆಯ ಬುಡದಲ್ಲಿ ಗುಂಪುಗೂಡಬಾರದು.

ನಾಲ್ಕು: ನಮ್ಮ ತೋಟ, ಅಂಗಳದ ಬಸಿಗಾಲುವೆಗಳು ಧರೆಯ ತಲೆಗೆ ನೀರು ಬಿಡದಂತೆ ನೋಡಿಕೊಳ್ಳಿರಿ. ಸಣ್ಣ ಧರೆಗಳ ಮೇಲೆ ಲಾವಂಚ ನೆಡಿರಿ. ಅದರ ಬೇರು ಎರಡು–ಮೂರು ಮೀಟರ್ ಆಳಕ್ಕೆ ಇಳಿದು ಮೇಲ್ಮಣ್ಣನ್ನು ಹಿಡಿಯುತ್ತದೆ. ಆಳದಿಂದ ಜಾರುವ ದೊಡ್ಡ ಗುಡ್ಡಕ್ಕೆ ಲಾವಂಚವೊಂದೇ ಮದ್ದಲ್ಲ ಎಂಬುದೂ ನೆನಪಿರಲಿ.

ಪ್ರಯಾಣಿಕರಿಗೂ ಒಂದು ಮಾತು. ಮಳೆಯ ಬಿರುಸಿನಲ್ಲಿ ಜಲಪಾತ ನೋಡಲೆಂದೇ ಘಟ್ಟಕ್ಕೆ ಬರುವವರು, ತಾವು ಸಿಲುಕಿದರೆ ಬಿಡಿಸಲು ಬರುವವನ ಜೀವವೂ ಜೀವವೆಂದು ತಿಳಿಯಬೇಕು. ಆಶ್ರಯ ಕೊಟ್ಟ ಮನೆಯ ಬಾವಿಯನ್ನೂ ಅಂಗಳವನ್ನೂ ಕೆಡಿಸದೆ ಹೋಗುವುದು, ಊರಿಗೆ ಮರಳಿದ ಮೇಲೆ ಆ ರಸ್ತೆಯ ಸ್ಥಿತಿಯ ಬಗ್ಗೆ ಒಂದು ಅರ್ಜಿ ಬರೆಯುವುದು ಉಪಕಾರವನ್ನು ತೀರಿಸುವ ಯೋಗ್ಯ ಮಾರ್ಗ. ಊರಿನವರು ಹಣ ಮುಟ್ಟುವುದಿಲ್ಲ. ಆದರೆ ಅರ್ಜಿಗೆ ನೂರು ಸಹಿ ಹೆಚ್ಚಾದರೆ ಅವರಿಗೆ ನಿಜಕ್ಕೂ ಬಲ ಬರುತ್ತದೆ.

ಮುಂಗಾರು ಹತ್ತಿರದಲ್ಲಿದೆ. ಮೇ ತಿಂಗಳ ಕೊನೆಯ ಭಾನುವಾರದೊಳಗೆ ಪ್ರತಿ ಊರಿನ ವಿದ್ಯಾರ್ಥಿಗಳು ಒಂದು ಕಾಲುದಾರಿಯನ್ನಾದರೂ ನಡೆದು ನಕ್ಷೆ ಮಾಡಿ ತರಲಿ. ಹಿರಿಯರು ಅವರ ಜೊತೆ ಒಂದು ಬೆಳಗು ಕಳೆಯಲಿ. ಆ ನಕ್ಷೆಗಳನ್ನು ಮುಂದಿನ ಸಭೆಯಲ್ಲಿ ಇದೇ ಮೇಜಿನ ಮೇಲೆ ಹರಡಿ ನೋಡೋಣ.