ಮುಂದಿನ ಸಾಲನ್ನೂ ಓದು

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದೆ.)

ನಿನ್ನೆ ರಾತ್ರಿ ಊಟ ಆದ ಮೇಲೆ ನಿಮ್ಮಲ್ಲೊಬ್ಬ ತಮ್ಮ ನನ್ನ ಹತ್ತಿರ ಬಂದು ಕೂತ. "ಸಾರ್, 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಮನುಸ್ಮೃತಿ ಸುಟ್ಟದ್ದು ಸರಿ ಅಂತೀರಿ. ಬೈಬಲ್‌ನಲ್ಲೂ ದಾಸರು ಯಜಮಾನನ ಮಾತು ಕೇಳ್ಕೊಂಡು ಬಿದ್ದಿರಬೇಕು ಅಂತ ಬರೆದಿದೆಯಂತಲ್ಲ, ಅದಕ್ಕೇನಂತೀರಿ?" ಅಂದ.

ಒಳ್ಳೆ ಪ್ರಶ್ನೆ. ರಾತ್ರಿ ನಾನು ಉತ್ತರ ಕೊಡಲಿಲ್ಲ. ಇವತ್ತಿನ ಮಾತೆಲ್ಲ ಅದಕ್ಕೇ. ನಿಮ್ಮನ್ನು ಯಾವ ಮತಕ್ಕೂ ಕರೆಯೋಕೆ ನಾನು ಬಂದಿಲ್ಲ, ಯಾವ ಮತದಿಂದಲೂ ಬಿಡಿಸೋಕೂ ಬಂದಿಲ್ಲ. ಒಂದು ಮಾತಿಗೆ ಅರ್ಥ ಎಲ್ಲಿಂದ ಬರುತ್ತದೆ, ಆ ಅರ್ಥದ ಬೀಗದ ಕೈ ಯಾರ ಸೊಂಟದಲ್ಲಿರುತ್ತದೆ, ಇಷ್ಟೇ ಇವತ್ತಿನ ವಿಚಾರ.

ಮೊದಲು ನಮ್ಮ ಮನೆಯ ಕತೆ. ನಮ್ಮಪ್ಪ ಊರ ಸಾಹುಕಾರರ ಮನೆಯಲ್ಲಿ ಜೀತಕ್ಕಿದ್ದ. ತಾತ ಮಾಡಿದ ಸಾಲ, ಅಪ್ಪ ಮೈಯಲ್ಲಿ ತೀರಿಸ್ತಾ ಇದ್ದ. 1976ರಲ್ಲಿ ಜೀತ ಪದ್ಧತಿ ರದ್ದಿನ ಕಾನೂನು ಬಂತು. ಸುದ್ದಿ ನಮ್ಮ ಕೇರಿಗೆ ತಲುಪಿದ ಮೇಲೆ ಅಪ್ಪ, ಅಪ್ಪನ ಜೊತೆ ಇನ್ನಿಬ್ಬರು ಸಾಹುಕಾರರ ಹಟ್ಟಿಗೆ ಹೋಗೋದು ನಿಲ್ಲಿಸಿದರು. ನಮ್ಮ ಕೇರಿಯಲ್ಲಿ ಒಂದು ಸಣ್ಣ ಚರ್ಚಿತ್ತು. ಅದರ ಜಾಗ ಸಾಹುಕಾರರು ಕೊಟ್ಟದ್ದು. ಆ ಭಾನುವಾರ ಉಪದೇಶಿಗಳು ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 7ನೇ ಅಧ್ಯಾಯ ತೆಗೆದರು. ದೇವರು ಕರೆದಾಗ ಯಾರು ಯಾವ ಸ್ಥಿತಿಯಲ್ಲಿದ್ದರೋ ಅವರು ಅದರಲ್ಲೇ ಇರಲಿ ಎಂಬ ಅರ್ಥದ 20ನೇ ವಚನ ಓದಿ ಪುಸ್ತಕ ಮುಚ್ಚಿದರು. ಯಾರಿಗೆ ಹೇಳಿದ್ದು ಅಂತ ಕೇರಿಗೆಲ್ಲ ಗೊತ್ತಾಯಿತು. ಉಪದೇಶಿಗಳು ಕೆಟ್ಟವರಲ್ಲ, ಹೆದರಿದವರು.

ಅಪ್ಪನಿಗೆ ಅಕ್ಷರ ಬಾರದು. ಅಣ್ಣ ಹಾಸ್ಟೆಲಿನಲ್ಲಿದ್ದು ಎಸ್ಸೆಸ್ಸೆಲ್ಸಿ ಓದ್ತಿದ್ದ, ರಜಕ್ಕೆ ಬಂದಿದ್ದ. ಸಾಯಂಕಾಲ ದೀಪದ ಮುಂದೆ ಅಪ್ಪ, "ಬೆಳಗ್ಗೆ ಓದುದ್ರಲ್ಲ, ಅದ್ನ ತೆಗಿ" ಅಂದ. ಅಣ್ಣ ಓದಿದ. ಅದೇ ವಚನಕ್ಕೆ ಬಂದು ನಿಲ್ಲಿಸಿದ. "ಅಲ್ಗೇ ಯಾಕ್ಲಾ ನಿಲ್ಲುಸ್ದೆ? ಮುಂದ್ಕೂ ಓದ್ಲಾ" ಅಂದ ಅಪ್ಪ. ಅಣ್ಣ ಮುಂದಕ್ಕೆ ಓದಿದ. 21, 22, 23. ಆ 23ನೇ ವಚನದಲ್ಲಿ ಏನಿದೆ ಗೊತ್ತಾ? ನಿಮ್ಮನ್ನು ಬೆಲೆ ಕೊಟ್ಟು ಕೊಂಡಿದೆ, ಇನ್ನು ಮನುಷ್ಯರಿಗೆ ದಾಸರಾಗಬೇಡಿ ಅನ್ನೋ ಮಾತಿದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ಮೂರು ಸಾಲು ಕೆಳಗೇ ಇತ್ತಲ್ಲ, ಇದ್ನ ಯಾಕೆ ಓದ್ನಿಲ್ಲ ಅವ್ರು?" ಅಂದ.

ಗೆಳೆಯರೇ, ಗ್ರಂಥಗಳನ್ನು ಓದುವ ವಿದ್ಯೆಯನ್ನು ನಾನು ಕಲಿತದ್ದು ಆ ಪ್ರಶ್ನೆಯಿಂದ. ಆಮೇಲೆ ಓದಿದ ಪುಸ್ತಕಗಳೆಲ್ಲ ಅದಕ್ಕೆ ಬರೆದ ಟಿಪ್ಪಣಿ.

ಮೊದಲು 'ದಾಸ' ಅನ್ನೋ ಪದ ತಗೊಳ್ಳಿ. ನಮ್ಮ ಕನ್ನಡ ಬೈಬಲ್‌ನಲ್ಲಿ ಇದೇ ಪದ ಇದೆ. ದಾಸ ಅಂದರೆ ನಮ್ಮ ಕಿವಿಗೆ ಏನು ಕೇಳುತ್ತೆ? ಕನಕದಾಸರು, ಪುರಂದರದಾಸರು. ತಂಬೂರಿ, ಭಕ್ತಿ, ಮರ್ಯಾದೆ. ಆದರೆ ಪೌಲ ಬರೆದದ್ದು ಗ್ರೀಕ್ ಭಾಷೆಯಲ್ಲಿ. ಅಲ್ಲಿರೋ ಪದ 'ಡೂಲೊಸ್'. ಡೂಲೊಸ್ ಅಂದರೆ ಸಂತೆಯಲ್ಲಿ ಕೊಂಡು ಮಾರಬಹುದಾದ ಮನುಷ್ಯ. ಅವನ ಮೈ ಅವನದಲ್ಲ. ದಾಸಿಗೆ ಹುಟ್ಟಿದ ಮಗು ಯಜಮಾನನ ಸ್ವತ್ತು. ಕನ್ನಡದ 'ದಾಸ' ಆ ಸಂತೆಯ ಧೂಳನ್ನು ಒರೆಸಿ ವಿಭೂತಿ ಹಚ್ಚಿಬಿಡುತ್ತದೆ. ಪೌಲ ತನ್ನನ್ನೇ ಕ್ರಿಸ್ತನ ಡೂಲೊಸ್ ಅಂತ ಕರ್ಕೊಂಡಾಗ ಆಗಿನ ಕೇಳುಗರಿಗೆ ಅದು ಬೆಚ್ಚಿಬೀಳೋ ಮಾತು. ನಮಗೆ ಮಂಗಳಾರತಿಯ ಮಾತು. ಒಂದೇ ಪದ, ಕಿವಿ ಬೇರೆ.

ಪದಕ್ಕೆ ಅರ್ಥ ನಿಘಂಟಿನಿಂದ ಮಾತ್ರ ಬರೋದಿಲ್ಲ. ನಿಮ್ಮ ಹಾಸ್ಟೆಲಲ್ಲೇ ನೋಡಿ. "ಹಾಕ್ಕೊ" ಅಂತೀರಿ. ತಟ್ಟೆ ಮುಂದೆ ಅಂದರೆ ಸಾರು ಬಡಿಸ್ಕೊ ಅಂತ. ಅಂಗಿ ಕೈಯಲ್ಲಿದ್ದರೆ ತೊಟ್ಕೊ ಅಂತ. ರಾತ್ರಿ ಕೋಣೆಯಿಂದ ಹೊರಡುವಾಗ ಅಂದರೆ ಬಾಗಿಲು ಮುಚ್ಕೊ ಅಂತ. ಏನನ್ನು ಹಾಕ್ಕೊಳ್ಳೋದು ಅನ್ನೋದು ಆ ಪದದೊಳಗಿಲ್ಲ, ಸುತ್ತ ಇದೆ.

ಕೊರಿಂಥದ ಪತ್ರಿಕೆಯ 21ನೇ ವಚನದಲ್ಲಿ ಇದೇ ಆಗಿದೆ. ದಾಸನಾಗಿರುವಾಗ ಕರೆ ಬಂತೇ, ಚಿಂತೆ ಬೇಡ. ಬಿಡುಗಡೆ ಆಗುವುದಾದರೆ ಬಳಸಿಕೋ. ಇಷ್ಟೇ ಗ್ರೀಕ್‌ನಲ್ಲಿರೋದು. ಏನನ್ನು ಬಳಸಿಕೋ? ಬರೆದಿಲ್ಲ! ಬಿಡುಗಡೆಯನ್ನೋ, ದಾಸತ್ವವನ್ನೋ? 4ನೇ ಶತಮಾನದಲ್ಲಿ ಬೆಳೆದ ದೊಡ್ಡ ಪ್ರಸಂಗಿ ಯೋಹಾನ ಕ್ರಿಸೊಸ್ತೊಮ 'ದಾಸನಾಗೇ ಇರು' ಅಂತ ಅರ್ಥ ಮಾಡಿದ. ಈಚಿನ ಇಂಗ್ಲಿಷ್ ಬೈಬಲ್‌ಗಳಲ್ಲೂ ಜಗಳ ಇದೆ. 1952ರ ಪರಿಷ್ಕೃತ ಇಂಗ್ಲಿಷ್ ಬೈಬಲ್ ಬಿಡುಗಡೆಯ ಅವಕಾಶವನ್ನು ಬಿಡಬೇಡ ಅನ್ನುತ್ತೆ. ಅದನ್ನೇ ಮತ್ತೆ ತಿದ್ದಿ 1989ರಲ್ಲಿ ತಂದದ್ದು, ಈಗಿರುವ ಸ್ಥಿತಿಯನ್ನೇ ಬಳಸಿಕೋ ಅನ್ನುತ್ತೆ. ಒಂದೇ ವಚನ. ಒಂದರಲ್ಲಿ ಬಾಗಿಲು ತೆಗೆದಿದೆ, ಇನ್ನೊಂದರಲ್ಲಿ ಹಾಕಿದೆ.

ಹಾಗಾದರೆ ತೀರ್ಮಾನ ಹೇಗೆ? ಮನಸ್ಸಿಗೆ ಬಂದ ಹಾಗಲ್ಲ. ಸುತ್ತ ನೋಡಬೇಕು.

ಒಂದು, ವಾಕ್ಯದ ಸುತ್ತ. ಈಗ ತಾನೇ ಹೆಸರೆತ್ತಿರೋದು ಬಿಡುಗಡೆಯನ್ನ. 'ಬಳಸಿಕೋ' ಹತ್ತಿರದ್ದನ್ನು ಹಿಡಿಯೋದೇ ಸಹಜ. ಅಮೆರಿಕದ ವಿದ್ವಾಂಸ ಜೆ. ಆಲ್ಬರ್ಟ್ ಹ್ಯಾರಿಲ್ 1995ರ ತನ್ನ ಪುಸ್ತಕದಲ್ಲಿ, ಬೇರೆ ಗ್ರೀಕ್ ಬರಹಗಾರರು ಇಂಥ ಮಾತನ್ನು ಎಲ್ಲೆಲ್ಲಿ ಹೇಗೆ ಬಳಸಿದ್ದಾರೆ ಅಂತ ಹುಡುಕಿ, 'ಬಿಡುಗಡೆಯನ್ನೇ ಬಳಸಿಕೋ' ಅನ್ನೋ ತೀರ್ಮಾನಕ್ಕೆ ಬಂದ.

ಎರಡು, ಅಧ್ಯಾಯದ ಸುತ್ತ. ಇದ್ದ ಹಾಗೇ ಇರಿ ಅಂತ ಪೌಲ ಹೇಳ್ತಾನೆ, ನಿಜ. ಆದರೆ ಅದೇ ಅಧ್ಯಾಯದಲ್ಲಿ, ನಂಬದ ಗಂಡನೋ ಹೆಂಡತಿಯೋ ಬಿಟ್ಟು ಹೋಗುವುದಾದರೆ ಹೋಗಲಿ, ನೀವು ಕಟ್ಟುಬಿದ್ದವರಲ್ಲ ಅಂತಲೂ ಹೇಳ್ತಾನೆ. ಅಂದರೆ 'ಇದ್ದ ಹಾಗೇ ಇರು' ಅನ್ನೋದು ಕಬ್ಬಿಣದ ಬೇಡಿಯಲ್ಲ. ಕಾಲ ಕಡಿಮೆ ಇದೆ, ಈ ಲೋಕದ ರೂಪ ಅಳಿದು ಹೋಗ್ತಾ ಇದೆ ಅಂತಲೂ ಬರೀತಾನೆ. ಇನ್ನು ಸ್ವಲ್ಪದರಲ್ಲೇ ಲೋಕ ಮಗುಚುತ್ತೆ ಅಂತ ನಂಬಿ ಬರೆದವನ ಮಾತನ್ನು ಎರಡು ಸಾವಿರ ವರ್ಷದ ಕಟ್ಟಳೆ ಮಾಡಿದ್ದು ಅವನಲ್ಲ, ಆಮೇಲೆ ಬಂದವರು. 'ಕರೆ' ಅನ್ನೋ ಪದವೂ ಹಾಗೇ. ಪೌಲನಲ್ಲಿ ಅದು ದೇವರು ಕರೆದ ಕರೆ. ಅದನ್ನು ಹುಟ್ಟಿದ ಕಸುಬು, ಇದ್ದ ಅಂತಸ್ತು ಅಂತ ತಿರುಗಿಸಿದರೆ ಕುಲಕಸುಬು ಬಿಡಬೇಡ ಅನ್ನೋ ನಮ್ಮೂರ ಮಾತೇ ಆಗಿಬಿಡುತ್ತೆ.

ಮೂರು, ಊರಿನ ಸುತ್ತ. ಕೊರಿಂಥವನ್ನು ಕ್ರಿಸ್ತಪೂರ್ವ 146ರಲ್ಲಿ ರೋಮನ್ನರು ಹಾಳು ಮಾಡಿ ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿದರು. ಕ್ರಿಸ್ತಪೂರ್ವ 44ರಲ್ಲಿ ಜೂಲಿಯಸ್ ಸೀಸರ್ ಅದನ್ನು ಮತ್ತೆ ಕಟ್ಟಿಸಲು ಹೊರಟಾಗ ಅಲ್ಲಿ ನೆಲೆಯಾದವರಲ್ಲಿ ಬಹಳ ಮಂದಿ ಬಿಡುಗಡೆಯಾದ ಗುಲಾಮರು. ಪೌಲ ಬರೆದದ್ದು ಅದಾಗಿ ಸುಮಾರು ನೂರು ವರ್ಷಕ್ಕೆ. ಅಂಥ ಊರಿನವರಿಗೆ 'ಬೆಲೆ ಕೊಟ್ಟು ಕೊಂಡಿದೆ' ಅಂದರೆ ಅದು ಉಪಮೆ ಮಾತ್ರವಲ್ಲ, ತಾತ ಮುತ್ತಾತನ ನೆನಪು.

ಇಲ್ಲಿ ಒಂದು ಎಚ್ಚರಿಕೆ. ಕೊರಿಂಥದ ಗುಲಾಮ, ನಮ್ಮ ಜೀತದಾಳು ಒಂದೇ ಅಲ್ಲ. ರೋಮನ್ ಪೌರನೊಬ್ಬ ಕಾನೂನು ಪ್ರಕಾರ ಬಿಡುಗಡೆ ಮಾಡಿದ ಗುಲಾಮ ಸಾಮಾನ್ಯವಾಗಿ ತಾನೂ ಪೌರನಾಗ್ತಿದ್ದ, ಆಮೇಲೆ ಅವನಿಗೆ ಹುಟ್ಟಿದ ಮಕ್ಕಳು ಸ್ವತಂತ್ರರು. ನಮ್ಮಲ್ಲಿ ಸಾಲ ತೀರಿದರೂ ಜಾತಿ ತೀರಲಿಲ್ಲ. ಗುಲಾಮಗಿರಿಗಿಂತ ಅಸ್ಪೃಶ್ಯತೆ ಕೆಟ್ಟದ್ದು ಅಂತ ಅಂಬೇಡ್ಕರ್ ಎರಡನ್ನೂ ಹೋಲಿಸಿ ಬರೆದದ್ದು ಸುಮ್ಮನೆ ಅಲ್ಲ.

ಈಗ ಓದುವವನ ಕಡೆ ಬರೋಣ. 1807ರಲ್ಲಿ ಲಂಡನ್ನಿನಲ್ಲಿ ಒಂದು ಬೈಬಲ್ ಅಚ್ಚಾಯಿತು. ಬ್ರಿಟಿಷ್ ವೆಸ್ಟ್ ಇಂಡೀಸ್ ದ್ವೀಪಗಳ ಕರಿಯ ಗುಲಾಮರಿಗಾಗಿ ಆಯ್ದ ಭಾಗಗಳು. ಮೋಶೆ ತನ್ನ ಜನರನ್ನು ಐಗುಪ್ತದ ಜೀತದಿಂದ ಬಿಡಿಸಿಕೊಂಡು ಹೋದ ಕತೆ ಇದೆಯಲ್ಲ, ಅದು ಅದರಲ್ಲಿಲ್ಲ. ಯೋಸೇಫ ಗುಲಾಮನಾಗಿ ಮಾರಾಟವಾಗಿ ಯಜಮಾನನಿಗೆ ನಿಯತ್ತಾಗಿದ್ದ ಕತೆ ಇದೆ. ಕ್ರಿಸ್ತನಲ್ಲಿ ದಾಸ, ಸ್ವತಂತ್ರ ಎಂಬ ಭೇದ ಇಲ್ಲ ಅನ್ನೋ ಗಲಾತ್ಯದ ಪತ್ರಿಕೆಯ ವಚನ ಇಲ್ಲ. ದಾಸರೇ ವಿಧೇಯರಾಗಿರಿ ಅನ್ನೋ ಎಫೆಸದ ಪತ್ರಿಕೆಯ ಮಾತು ಇದೆ. ನೋಡಿ, ಒಂದಕ್ಷರ ತಿದ್ದಬೇಕಾಗಿಲ್ಲ. ಕತ್ತರಿ ಸಾಕು. ಸುತ್ತ ಇರೋದನ್ನು ಕತ್ತರಿಸಿದರೆ ನಡುವಿನ ಮಾತು ತಾನಾಗೇ ಚಾವಟಿ ಆಗುತ್ತೆ. ನಮ್ಮ ಉಪದೇಶಿಗಳು ಮಾಡಿದ್ದೂ ಅದನ್ನೇ, ಅವರ ಕತ್ತರಿ ಸಣ್ಣದು ಅಷ್ಟೆ.

ಅಮೆರಿಕದ ಕರಿಯ ಚಿಂತಕ ಹೊವರ್ಡ್ ಥರ್ಮನ್ 1949ರಲ್ಲಿ ಬರೆದ ಪುಸ್ತಕದಲ್ಲಿ ತನ್ನ ಅಜ್ಜಿಯ ವಿಷಯ ಹೇಳ್ತಾನೆ. ಆಕೆ ಗುಲಾಮಳಾಗಿ ಹುಟ್ಟಿದವಳು. ಓದು ಬಾರದು. ಮೊಮ್ಮಗನಿಂದ ಬೈಬಲ್ ಓದಿಸಿ ಕೇಳ್ತಿದ್ದಳು. ಆದರೆ ಪೌಲನ ಪತ್ರಿಕೆಗಳನ್ನು ಓದಗೊಡ್ತಿರಲಿಲ್ಲ, ಪ್ರೀತಿಯ ಬಗ್ಗೆ ಇರೋ ಕೊರಿಂಥದ ಪತ್ರಿಕೆಯ 13ನೇ ಅಧ್ಯಾಯ ಒಂದು ಬಿಟ್ಟು. ಯಾಕಂದರೆ ಯಜಮಾನ ಕರೆಸಿದ ಬಿಳಿಯ ಪಾದ್ರಿ ಬಂದಾಗಲೆಲ್ಲ ವಿಧೇಯರಾಗಿರಿ ಅನ್ನೋ ಪೌಲನ ಮಾತನ್ನೇ ಬೋಧಿಸ್ತಿದ್ದ. ಬಿಡುಗಡೆಯಾಗಿ ಓದು ಕಲಿತರೆ ಆ ಭಾಗ ಓದೋದಿಲ್ಲ ಅಂತ ಆಕೆ ಆಣೆ ಮಾಡಿದ್ದಳು.

ಅಜ್ಜಿ ಪುಟವನ್ನೇ ಮುಚ್ಚಿದಳು. ನಮ್ಮಪ್ಪ ಮುಂದಕ್ಕೆ ಓದಿಸಿದ. ಯಾರು ಸರಿ? ನನಗೆ ಇಬ್ಬರೂ ಸರಿ. ಇಬ್ಬರಿಗೂ ಅಕ್ಷರ ಬರ್ತಿರಲಿಲ್ಲ. ಆದರೆ ಯಾರು ಯಾರಿಗೆ ಯಾಕೆ ಓದ್ತಾ ಇದ್ದಾರೆ ಅನ್ನೋದು ಇಬ್ಬರಿಗೂ ಗೊತ್ತಿತ್ತು. ಅದೂ ಸಂದರ್ಭವೇ.

ಇನ್ನು ನಿನ್ನೆ ಆ ತಮ್ಮ ಹೇಳಿದ ಮಾತು, ದಾಸರು ವಿಧೇಯರಾಗಿರಬೇಕು ಅನ್ನೋದು. ಎಫೆಸದ ಪತ್ರಿಕೆಯ 6ನೇ ಅಧ್ಯಾಯ. ಇಲ್ಲೂ ಮುಂದಕ್ಕೆ ಓದಿ. ಯಜಮಾನರೂ ಬೆದರಿಸೋದು ಬಿಡಲಿ, ಇಬ್ಬರಿಗೂ ಪರಲೋಕದಲ್ಲಿ ಒಬ್ಬನೇ ಯಜಮಾನ, ಅವನಲ್ಲಿ ಪಕ್ಷಪಾತ ಇಲ್ಲ ಅಂತ ಬರುತ್ತೆ. ಆದರೆ ಬಿಡುಗಡೆ ಮಾಡಿ ಅಂತ ಬರೋದಿಲ್ಲ. ಈ ಪತ್ರಿಕೆ ಪೌಲನೇ ಬರೆದದ್ದಲ್ಲ ಅಂತ ಬಹಳ ವಿದ್ವಾಂಸರು ಹೇಳ್ತಾರೆ. ಹೇಳಲಿ. ಗ್ರಂಥದಲ್ಲಂತೂ ಇದೆ. ಇಲ್ಲಿ 'ಸಂದರ್ಭ' ಅಂತ ಹೇಳಿ ಜಾರಿಕೊಳ್ಳಬಾರದು. ಕಾಲವೇ ಹಾಗಿತ್ತು ಅನ್ನೋ ನೆಪವೂ ಪೂರಾ ನಿಲ್ಲೋದಿಲ್ಲ. ಅದೇ 4ನೇ ಶತಮಾನದಲ್ಲಿ ನಿಸ್ಸಾದ ಗ್ರೆಗೊರಿ ಎಂಬ ಬಿಷಪ್, ದೇವರ ರೂಪದಲ್ಲಿರೋ ಮನುಷ್ಯನಿಗೆ ಬೆಲೆ ಕಟ್ಟೋಕೆ ನೀನ್ಯಾರು ಅಂತ ಯಜಮಾನರನ್ನು ಮುಖದ ಮೇಲೆ ಕೇಳಿದ್ದ. ಅವನು ಓದಿದ್ದೂ ಇದೇ ಗ್ರಂಥ. ಪೌಲನನ್ನು ಬಚಾವು ಮಾಡೋದು ನಮ್ಮ ಕೆಲಸವಲ್ಲ, ಸರಿಯಾಗಿ ಓದೋದು ನಮ್ಮ ಕೆಲಸ.

"ಹಾಗಾದರೆ ಮನುಸ್ಮೃತಿಗೂ ಸಂದರ್ಭ ಹೇಳಿ ಬಿಟ್ಟುಬಿಡೋಣವಾ?" ಅಂತ ಕೇಳಬಹುದು. ಕೇಳಲೇಬೇಕು. ಅಲ್ಲೂ ಅಪ್ಪನ ಉಪಾಯವನ್ನೇ ಮಾಡಿ, ಮುಂದಕ್ಕೂ ಓದಿ. 8ನೇ ಅಧ್ಯಾಯದ ಕೊನೆಗೆ, ಶೂದ್ರ ಕೊಂಡವನಾಗಲಿ ಕೊಳ್ಳದವನಾಗಲಿ ಸೇವೆ ಮಾಡಲೇಬೇಕು ಅನ್ನುತ್ತೆ. ಮುಂದಿನ ಶ್ಲೋಕ ಏನನ್ನುತ್ತೆ? ಒಡೆಯ ಬಿಟ್ಟರೂ ಅವನಿಗೆ ಬಿಡುಗಡೆ ಇಲ್ಲ, ದಾಸ್ಯ ಅವನ ಹುಟ್ಟಿನಲ್ಲೇ ಇದೆ ಅನ್ನುತ್ತೆ. ಕೊರಿಂಥದ ಪತ್ರಿಕೆಯಲ್ಲಿ ಮುಂದಿನ ಸಾಲು ಬೀಗ ಸಡಿಲಿಸಿತು. ಇಲ್ಲಿ ಮುಂದಿನ ಸಾಲು ಇನ್ನೊಂದು ಬೀಗ ಜಡಿಯಿತು. ಸಂದರ್ಭ ನೋಡೋದು ಅಂದರೆ ಎಲ್ಲರನ್ನೂ ಕ್ಷಮಿಸೋದಲ್ಲ. ಕೆಲವು ಮಾತು ಸುತ್ತ ನೋಡಿದರೆ ಮೆತ್ತಗಾಗುತ್ತೆ, ಕೆಲವು ಇನ್ನೂ ಗಟ್ಟಿಯಾಗುತ್ತೆ. ಬಾಬಾಸಾಹೇಬರು ಸುಟ್ಟವರು ಮಾತ್ರವಲ್ಲ, ಶಾಸ್ತ್ರಗಳನ್ನು ಸಾಲುಸಾಲಾಗಿ ಓದಿದವರು.

ಅಪ್ಪನ ಕತೆ ಮುಗಿಸ್ತೀನಿ. ಆ ಸಾಲು ಓದಿದ್ದಕ್ಕೆ ಸಾಲ ಹರಿಯಲಿಲ್ಲ. ತಾಲ್ಲೂಕು ಕಚೇರಿಗೆ ಎಷ್ಟು ಸಲ ನಡೆದರೋ ಲೆಕ್ಕ ಇಲ್ಲ. ಬಿಡುಗಡೆ ಆದದ್ದು ಕಾನೂನಿನಿಂದ, ಮೂವರೂ ಒಟ್ಟಾಗಿ ನಿಂತದ್ದರಿಂದ. ಆದರೆ ಆ ಮುಂದಿನ ಭಾನುವಾರ ಅಪ್ಪ ಚರ್ಚಿಗೆ ಹೋದ. ಹಿಂದಿನ ಸಾಲಿನಲ್ಲಿ ಕೂರುತ್ತಿದ್ದವನು ಮುಂದೆ ಹೋಗಿ ಕೂತ. ಉಪದೇಶಿಗಳು ಪುಸ್ತಕ ತೆರೆದಾಗ ಕೈ ಮುಗಿದು, "ಅಯ್ನೋರೆ, ಹೋದ್ವಾರ ಅರ್ಧಕ್ಕೆ ನಿಲ್ಲುಸಿದ್ರಿ, ಅಲ್ಲಿಂದ ಓದಿ" ಅಂದ. ಅವರು ಒಂದು ಗಳಿಗೆ ಅಪ್ಪನ ಮುಖ ನೋಡಿದರು. ಆಮೇಲೆ ಓದಿದರು.

ನೀವು ಅಕ್ಷರ ಕಲಿತವರು. ನಿಮಗೆ ಯಾರಾದರೂ ಒಂದು ಸಾಲು ಓದಿ ಪುಸ್ತಕ ಮುಚ್ಚಿದರೆ, ಗ್ರಂಥವಾಗಲಿ ಸರ್ಕಾರಿ ಆದೇಶವಾಗಲಿ ನಮ್ಮದೇ ಕರಪತ್ರವಾಗಲಿ, ಕೈಗೆ ಇಸ್ಕೊಂಡು ಮುಂದಿನ ಸಾಲನ್ನೂ ಓದಿ. ಹಿಂದಿನದನ್ನೂ ಓದಿ. ರಜಕ್ಕೆ ಊರಿಗೆ ಹೋದಾಗ ಓದು ಬಾರದ ಅಪ್ಪ ಅಮ್ಮನ ಮುಂದೆ ಕೂತು ಓದಿ. ನಿಮಗೆ ಕಾಣದ್ದು ಅವರಿಗೆ ಕೇಳಿಸೀತು.

ಜೈಭೀಮ್.