ಬಿಡದೆ ಉಳಿದ ಬಾಣ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಿಮ್ಮ ಸಾಧನೆಯ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ಸಮಿತಿಯವರು ಹೇಳಿದರು. ಹೇಳಿಕೊಳ್ಳುವಂಥ ಸಾಧನೆ ನನ್ನದೇನೂ ಇಲ್ಲ. ಮೂವತ್ತು ವರ್ಷ ಸರ್ಕಾರಿ ಶಾಲೆಗಳಲ್ಲಿ ದೈಹಿಕ ಶಿಕ್ಷಕನಾಗಿ ಸೀಟಿ ಊದಿದೆ, ನಿವೃತ್ತನಾದೆ. ಅದರ ಬದಲು ಬಿಲ್ಲಿನ ವಿಷಯ ಮಾತಾಡುತ್ತೇನೆ. ಆ ಮೇಜಿನ ಮೇಲೆ ಬಟ್ಟೆ ಸುತ್ತಿ ಇಟ್ಟಿರುವುದು ಬಿಲ್ಲುಗಳೇ. ಯಾಕೆ ತಂದಿದ್ದೇನೆ ಎಂಬುದನ್ನು ಕೊನೆಗೆ ಹೇಳುತ್ತೇನೆ.

ನಾನು ಇಲ್ಲಿ ಒಂಬತ್ತನೇ ತರಗತಿಯಲ್ಲಿದ್ದೆ. ನಮ್ಮ ತರಗತಿಯಲ್ಲಿ ಅರ್ಧ ಹುಡುಗರ ಮನೆಮಾತು ತಮಿಳು, ಕಾಲು ಭಾಗದವರದು ಉರ್ದು. ಆಟಕ್ಕೆ ನಿಂತರೆ ಮಾತ್ರ ಎಲ್ಲರದೂ ಒಂದೇ ಭಾಷೆ. ಆ ವರ್ಷ ಬ್ಯಾಂಬೂ ಬಜಾರಿನಿಂದ ಒಂದು ಬಿದಿರಿನ ದಬ್ಬೆ ತಂದೆ. ಶಿವಾಜಿನಗರದಲ್ಲಿ ಛತ್ರಿ ರಿಪೇರಿ ಮಾಡುವವರ ಹತ್ತಿರ ಮುರಿದ ಛತ್ರಿಯ ಕಡ್ಡಿಗಳನ್ನು ಬೇಡಿ ತಂದೆ. ನೈಲಾನ್ ಹಗ್ಗ ಕಟ್ಟಿದೆ. ಬಿಲ್ಲು ಆಯಿತು. ಒಂದು ವಾರ ರಟ್ಟಿನ ಡಬ್ಬಕ್ಕೆ ಹೊಡೆದೆವು. ಆಮೇಲೆ ಡಬ್ಬ ಸಾಕೆನಿಸಿತು.

ಒಂದು ಶನಿವಾರ ಮಧ್ಯಾಹ್ನ ಹಲಸೂರು ಕೆರೆಯ ದಡಕ್ಕೆ ಹೋದೆವು. ಹುಲ್ಲಿನಲ್ಲಿ ಒಂದು ಬೆಳ್ಳಕ್ಕಿ ನಿಂತಿತ್ತು. ದೂರದಿಂದಲೇ ಹೊಡೆದೆ. ತಗಲುತ್ತದೆಂದು ನಾನು ಅಂದುಕೊಂಡಿರಲಿಲ್ಲ. ರೆಕ್ಕೆಯ ಬುಡಕ್ಕೆ ತಗಲಿತು. ಹಕ್ಕಿ ಸಾಯಲಿಲ್ಲ. ಒಂದು ರೆಕ್ಕೆ ಎಳೆದುಕೊಂಡು ನೀರಿನ ಕಡೆ ಓಡಿತು. ಜೊತೆಗಿದ್ದವರು ಚಪ್ಪಾಳೆ ಹೊಡೆದರು, ಹಕ್ಕಿ ಬೀಳುವುದನ್ನು ನೋಡಿ ಸುಮ್ಮನಾದರು.

ಅದನ್ನು ಅಂಗಿಯಲ್ಲಿ ಸುತ್ತಿಕೊಂಡು ಶಾಲೆಗೆ ತಂದೆ. ಡ್ರಿಲ್ ಮೇಷ್ಟ್ರು ಇನ್ನೂ ಹೋಗಿರಲಿಲ್ಲ. ಅವರು ಹೊಡೆಯಲಿಲ್ಲ, ಬಿಲ್ಲನ್ನು ಮುರಿಯಲೂ ಇಲ್ಲ. "ಇದು ಇರೋವರೆಗೂ ನೀನೇ ನೋಡ್ಕೋಬೇಕು" ಎಂದರು. ದಿನಾ ಬೆಳಿಗ್ಗೆ ರಸೆಲ್ ಮಾರ್ಕೆಟ್ಟಿಗೆ ಹೋಗಿ ಚಿಕ್ಕ ಮೀನು ಕೇಳಿ ತರುತ್ತಿದ್ದೆ. ಕ್ರೀಡಾ ಸಾಮಾನಿನ ಕೋಣೆಯಲ್ಲಿ ಬುಟ್ಟಿಯೊಳಗೆ ಅದು ನಾಲ್ಕು ದಿನ ಇತ್ತು. ಐದನೆಯ ದಿನ ಬುಟ್ಟಿ ತೆಗೆದಾಗ ಸತ್ತಿತ್ತು. ಆ ದಿನ ಮೇಷ್ಟ್ರು ಹೇಳಿದ ಮಾತು ಇಷ್ಟೇ: "ಹತ್ತಿರ ಹೋಗೋಕೆ ಬರದವನು ದೂರದಿಂದ ಹೊಡೀತಾನೆ ಕಣೋ." ಅದು ಆಗ ನನಗೆ ಅರ್ಥವಾಗಲಿಲ್ಲ.

ಮಕ್ಕಳೇ, ಬಿಲ್ಲು ನಮಗೆ ಹೊರಗಿನಿಂದ ಬಂದದ್ದಲ್ಲ. ನಮ್ಮ ನಾಡಿನ ವೀರಗಲ್ಲುಗಳಲ್ಲಿ ಬಿಲ್ಲು ಹಿಡಿದವರು ಎಷ್ಟೋ ಜನ. ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಬೇಟೆಗೆ ಹೊರಟವರೂ ಇದ್ದಾರೆ. ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದರೆ ಆತಕೂರಿನ ಕಲ್ಲನ್ನು ನೋಡಿ. ಅದು ಹತ್ತನೆಯ ಶತಮಾನದ್ದು. ಅದರಲ್ಲಿ ಕಾಳಿ ಎಂಬ ಬೇಟೆನಾಯಿಯ ಕಥೆ ಇದೆ. ಕಾಳಿ ದೊಡ್ಡ ಹಂದಿಯೊಂದರ ಜೊತೆ ಹೋರಾಡಿತು, ಎರಡೂ ಸತ್ತವು. ಆ ನಾಯಿಗಾಗಿ ಕಲ್ಲು ನಿಲ್ಲಿಸಿದರು. ಬೇಟೆಯಾಡುವವರಿಗೂ ಸಾವಿನ ಲೆಕ್ಕ ಇಡುವ ಅಭ್ಯಾಸ ಇತ್ತು ಎಂದು ಆ ಕಲ್ಲಿನ ಮುಂದೆ ನಿಂತಾಗಲೆಲ್ಲ ನನಗೆ ಅನಿಸುತ್ತದೆ.

ಈಗ ಕಡವೆಯ ವಿಷಯ. ಬಂಡೀಪುರ, ನಾಗರಹೊಳೆಗೆ ಪ್ರವಾಸ ಹೋದವರು ನೋಡಿರುತ್ತೀರಿ. ಕಂದು ಬಣ್ಣ, ಕತ್ತಿನ ಸುತ್ತ ಒರಟು ಕೂದಲು, ಗಂಡಿಗೆ ಒಂದೊಂದು ಕೊಂಬಿನಲ್ಲಿ ಮೂರು ಕವಲು. ಬಲಿತ ಗಂಡು ಇನ್ನೂರು ಕಿಲೋ ದಾಟುತ್ತದೆ. ಮದ್ರಾಸ್ ಸೀಮೆಯ ಇಂಗ್ಲಿಷ್ ಬೇಟೆಗಾರರು ಇದನ್ನು 'ಎಲ್ಕ್' ಎಂದು ಕರೆಯುತ್ತಿದ್ದರು. ಅವರ ಯುರೋಪಿನ ಎಲ್ಕ್ ಬೇರೆಯೇ ಪ್ರಾಣಿ. ಹೋದ ಕಡೆಯಲ್ಲೆಲ್ಲ ದೊಡ್ಡ ಜಿಂಕೆ ಕಂಡರೆ ತಮ್ಮೂರಿನ ಹೆಸರನ್ನೇ ಇಟ್ಟರು. ಅಮೆರಿಕಕ್ಕೆ ಹೋದವರೂ ಅಲ್ಲಿನ ದೊಡ್ಡ ಜಿಂಕೆಗೆ ಅದೇ ಹೆಸರು ಇಟ್ಟರು. ಅಲ್ಲಿ ಆ ಹೆಸರು ಇವತ್ತಿಗೂ ಉಳಿದಿದೆ.

ಆ ಅಮೆರಿಕದ ಎಲ್ಕ್ ನಮ್ಮ ಮನೆಯೊಳಕ್ಕೂ ಬಂತು. ನನ್ನ ಅಣ್ಣನ ಮಗ ಕೊಲರಾಡೊದಲ್ಲಿ ಕೆಲಸದಲ್ಲಿದ್ದಾನೆ. ಒಂದು ದಿನ ಫೋನ್ ಮಾಡಿ, "ಚಿಕ್ಕಪ್ಪ, ಈ ಸಲ ಲೈಸೆನ್ಸ್ ತಗೊಂಡಿದೀನಿ. ಮರದ ಬಿಲ್ಲಲ್ಲಿ ಎಲ್ಕ್ ಬೇಟೆಗೆ ಹೋಗ್ತೀನಿ" ಎಂದ. ಅಲ್ಲಿ ಸೆಪ್ಟೆಂಬರಿನಲ್ಲಿ ಬಿಲ್ಲಿನ ಬೇಟೆಗೆಂದೇ ಕಾಲ ಗೊತ್ತುಮಾಡಿರುತ್ತಾರೆ. ಬೇಟೆಯಾಡಿದ ಮೇಲೆ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬಂದರೆ ಅದೂ ಅಪರಾಧ.

ನನಗೆ ಸಿಟ್ಟು ಬಂತು. "ಕೊಲ್ಲೋದಕ್ಕೆ ಅಷ್ಟು ದೂರ ಹೋದೆಯೇನೋ?" ಎಂದೆ. ಅವನು ನಿಧಾನವಾಗಿ, "ಚಿಕ್ಕಪ್ಪ, ಭಾನುವಾರ ಕೋಳಿ ತರ್ತೀರಲ್ಲ, ಯಾವತ್ತಾದ್ರೂ ಅದರ ಕಣ್ಣು ನೋಡಿದೀರಾ?" ಎಂದು ಕೇಳಿದ. ನಾನು ಉತ್ತರ ಕೊಡಲಿಲ್ಲ. ಬೆಳ್ಳಕ್ಕಿಯ ಕಣ್ಣು ನೋಡಿದ್ದೆ. ಅದನ್ನು ಅವನಿಗೆ ಹೇಳಲಿಲ್ಲ.

ಆಮೇಲೆ ಬೇಸಿಗೆಯೆಲ್ಲ ಅವನು ಅಭ್ಯಾಸದ ಸುದ್ದಿ ಹೇಳುತ್ತಿದ್ದ. ಸಾದಾ ಬಿಲ್ಲಿನಲ್ಲಿ ಗುರಿ ಹಿಡಿಯಲು ಯಾವ ಕೊಂಡಿಯೂ ಇರುವುದಿಲ್ಲ, ಭಾರ ತಗ್ಗಿಸುವ ರಾಟೆಯೂ ಇಲ್ಲ. ಎಳೆದಷ್ಟೂ ಭಾರ ಹೆಚ್ಚುತ್ತದೆ. ಆದ್ದರಿಂದ ಎಳೆದು ಹಿಡಿದು ಬಹಳ ಹೊತ್ತು ನಿಲ್ಲಲು ಆಗುವುದಿಲ್ಲ. ಇಪ್ಪತ್ತು ಹೆಜ್ಜೆಗೆ ಬಾಣ ಸರಿಯಾಗಿ ಬೀಳುತ್ತಿತ್ತು, ನಲವತ್ತಕ್ಕೆ ಚದುರುತ್ತಿತ್ತು. ಹಾಗಾಗಿ ಇಪ್ಪತ್ತೈದು ಹೆಜ್ಜೆ ದಾಟಿದರೆ ಬಾಣ ಬಿಡುವುದಿಲ್ಲವೆಂದು ತನಗೆ ತಾನೇ ನಿಯಮ ಹಾಕಿಕೊಂಡ. ಕೋವಿಯ ಗುಂಡು ಹೊಡೆತದ ರಭಸಕ್ಕೇ ಕೆಡವುತ್ತದೆ. ಬಾಣ ಹಾಗಲ್ಲ, ಅದು ಕೊಯ್ದು ರಕ್ತ ಹರಿಸಿ ಕೊಲ್ಲುತ್ತದೆ. ಸರಿಯಾದ ಜಾಗ ತಪ್ಪಿದರೆ ಪ್ರಾಣಿ ಗಾಯ ಹೊತ್ತು ದಿನಗಟ್ಟಲೆ ನರಳುತ್ತದೆ.

ಆ ಮೊದಲ ವರ್ಷ ಅವನು ರಜೆ ಹಾಕಿ ಒಟ್ಟು ಒಂಬತ್ತು ದಿನ ಬೆಟ್ಟ ಹತ್ತಿದ. ಅದು ಅವುಗಳ ಬೆದೆಯ ಕಾಲ. ಗಂಡುಗಳು ಕೂಗುವುದು ಕಣಿವೆಗೆಲ್ಲ ಕೇಳುತ್ತದಂತೆ, ಸೀಟಿ ಊದಿದ ಹಾಗೆ. ಕೂಗು ಕೇಳುತ್ತಿತ್ತು, ಪ್ರಾಣಿ ಕಾಣುತ್ತಿರಲಿಲ್ಲ. ಎರಡು ಸಲ ಗಾಳಿ ತಿರುಗಿ ಇವನ ವಾಸನೆ ಹಿಡಿದು ಓಡಿಹೋದವು. ಕೊನೆಯ ದಿನ ಸಂಜೆ ಒಂದು ದೊಡ್ಡ ಗಂಡು ಮರಗಳ ನಡುವಿನಿಂದ ಬಂದು ಇಪ್ಪತ್ತು ಹೆಜ್ಜೆಯಲ್ಲಿ ನಿಂತಿತು. ಇವನ ಕಡೆಗೆ ಎದೆ ಕೊಟ್ಟು ನಿಂತಿತು. ಪಕ್ಕಕ್ಕೆ ತಿರುಗಿದ್ದರೆ ಬಾಣ ಪಕ್ಕೆಲುಬಿನ ನಡುವೆ ಹೋಗಿ ಶ್ವಾಸಕೋಶ ಸೇರುತ್ತದೆ. ಎದುರಿನಿಂದ ಹೊಡೆದರೆ ಮೂಳೆಗೆ ತಗಲುವುದೇ ಹೆಚ್ಚು. ಇವನು ಬಿಲ್ಲು ಎಳೆದು ಹಿಡಿದ. ತಿರುಗಲಿ ಎಂದು ಕಾದ. ತೋಳು ನಡುಗಿತು. ಮೆಲ್ಲಗೆ ಹೆದೆ ಸಡಿಲಿಸಿದ. ಅದು ನೋಡಿತು, ಹೋಯಿತು.

ಆ ರಾತ್ರಿ ಫೋನ್ ಮಾಡಿ, "ಬಿಡಲಿಲ್ಲ ಚಿಕ್ಕಪ್ಪ" ಎಂದ. ಅವನ ದನಿ ನಡುಗುತ್ತಿತ್ತು. ಮುಂದಿನ ವರ್ಷ ಮತ್ತೆ ಹೋಗುತ್ತೇನೆ ಎಂದೂ ಹೇಳಿದ. ಅವನು ಮಾಡುತ್ತಿರುವುದು ಸರಿಯೆಂದು ನಾನು ಇವತ್ತಿಗೂ ಒಪ್ಪಿಲ್ಲ. ಆದರೆ ನಲವತ್ತು ವರ್ಷದ ಹಿಂದೆ ನನ್ನ ಡ್ರಿಲ್ ಮೇಷ್ಟ್ರು ಹೇಳಿದ್ದು ಆ ರಾತ್ರಿ ಅರ್ಥವಾಯಿತು. ಹತ್ತಿರ ಹೋದವನಿಗೆ ಬಾಣ ಬಿಡದೆ ಇರುವ ದಾರಿಯೂ ಕಾಣುತ್ತದೆ. ನನಗೆ ಕೆರೆಯ ದಡದಲ್ಲಿ ಅದು ಕಂಡಿರಲಿಲ್ಲ.

ಅಲ್ಲಿ ಆಗಬಹುದಾದರೆ ಇಲ್ಲೇಕೆ ಬೇಡ ಎಂದು ಕೆಲವರು ಕೇಳಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೂ ಕೆಲವು ಪ್ರಾಣಿಗಳಿಗೆ ಪರವಾನಗಿ ಬೇಟೆಯ ಅವಕಾಶ ಇತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ನಮ್ಮ ಕಾಡಿನಲ್ಲಿ ಕಡವೆ ಹುಲಿಯ ಊಟ, ಸೀಳುನಾಯಿಯ ಊಟ. ನಾವು ಒಂದು ಹೊಡೆದರೆ ಅವುಗಳ ತಟ್ಟೆಯಿಂದ ಕಿತ್ತುಕೊಂಡ ಹಾಗೆ. 2008ರಿಂದ ಕಡವೆಯೇ ಅಪಾಯದಂಚಿನ ಪ್ರಾಣಿಗಳ ಜಾಗತಿಕ ಪಟ್ಟಿಯಲ್ಲಿದೆ.

ಹತ್ತನೇ ತರಗತಿಯವರು ಹಲಗಲಿ ಬೇಡರ ಲಾವಣಿ ಓದಿದ್ದೀರಿ. 1857ರಲ್ಲಿ ಕಂಪನಿ ಸರ್ಕಾರ ಆಯುಧ ಒಪ್ಪಿಸಿ ಎಂದಾಗ ಅವರು ಒಪ್ಪಲಿಲ್ಲ, ಅದಕ್ಕಾಗಿ ಪ್ರಾಣ ಕೊಟ್ಟರು. ಆ ಕಾನೂನು ನಮ್ಮವರ ಮೇಲಿನ ಹೆದರಿಕೆಯಿಂದ ಬಂದದ್ದು, ನಮ್ಮನ್ನು ಕೇಳದೆ ಬಂದದ್ದು. 1972ರ ಕಾನೂನನ್ನು ನಾವು ಆರಿಸಿದವರು ಮಾಡಿದರು, ಮಾತು ಬಾರದ ಜೀವಿಗಳಿಗಾಗಿ ಮಾಡಿದರು. ಇದನ್ನು ಪಾಲಿಸುವವರು ಯಾರಿಗೂ ತಲೆಬಾಗಿದಂತೆ ಆಗುವುದಿಲ್ಲ. ಈ ಎರಡರ ವ್ಯತ್ಯಾಸ ತಿಳಿದುಕೊಂಡರೆ ನಿಮ್ಮ ಇತಿಹಾಸದ ಪಾಠವೂ ಪೌರನೀತಿಯ ಪಾಠವೂ ಅರ್ಧ ಮುಗಿದಂತೆ.

ಕೊನೆಯದಾಗಿ ಆ ಬಟ್ಟೆಯ ಗಂಟು. ಅದರಲ್ಲಿ ನಾಲ್ಕು ಬಿದಿರಿನ ಬಿಲ್ಲುಗಳಿವೆ. ಬಿಲ್ಲುಗಾರಿಕೆ ಬೇಟೆಯನ್ನು ಬಿಟ್ಟು ಆಟವಾಗಿ ಉಳಿದಿದೆ, ಒಲಿಂಪಿಕ್ಸ್‌ವರೆಗೂ ಹೋಗುತ್ತದೆ. ನಮ್ಮ ಸರ್ಕಾರಿ ಶಾಲೆಯ ಹುಡುಗಿಯರೂ ಹುಡುಗರೂ ಅದನ್ನು ಕಲಿಯಲಿ ಎಂದು ಇವನ್ನು ಶಾಲೆಗೆ ಕೊಡುತ್ತಿದ್ದೇನೆ. ಹಿಂದಿನ ಕಾಂಪೌಂಡ್ ಗೋಡೆಯ ಮುಂದೆ ಹುಲ್ಲಿನ ಗುರಿಹಲಗೆ ನಿಲ್ಲಿಸಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ವಾರಕ್ಕೆ ಎರಡು ದಿನ ನಾನೇ ಬರುತ್ತೇನೆ.

ನನ್ನ ಷರತ್ತುಗಳು ಮೂರು. ಎಲ್ಲರೂ ಗೆರೆಯ ಹಿಂದೆ ಬಂದು ನಿಂತಿದ್ದಾರೆಂದು ನೋಡದೆ ಯಾರೂ ಬಾಣ ಮುಟ್ಟಬಾರದು. ಬಾಣವಿಲ್ಲದೆ ಹೆದೆ ಎಳೆದು ಬಿಡಬಾರದು, ಆ ಬಲ ವಾಪಸು ಬಂದು ಬಿಲ್ಲೇ ಸೀಳುತ್ತದೆ. ಮೂರನೆಯದು, ಮೊದಲ ತಿಂಗಳು ಪ್ರತಿಯೊಬ್ಬರೂ ಬಾಣ ಹೂಡಿ ಎಳೆದು, ಐದು ಎಣಿಸಿ, ಬಿಡದೆ ಇಳಿಸುವುದನ್ನು ಕಲಿಯಬೇಕು. ಅದು ಬಂದವರಿಗೆ ಮಾತ್ರ ಗುರಿಹಲಗೆ.

ಹಲಸೂರು ಕೆರೆಯಲ್ಲಿ ಈಗಲೂ ಬೆಳ್ಳಕ್ಕಿಗಳಿವೆ. ತರಗತಿ ಶುರುವಾಗುವ ದಿನ ಮೊದಲು ಅಲ್ಲಿಗೆ ಹೋಗೋಣ. ಬಿಲ್ಲು ಇಲ್ಲೇ ಇರಲಿ. ಎಷ್ಟು ಹತ್ತಿರ ಹೋಗಲು ಆಗುತ್ತದೆ ನೋಡೋಣ.